ಗಂಡ-ಹೆಂಡತಿ ಇಬ್ಬರೂ ಮೌಂಟನ್ ಬೈಕಿಂಗ್‌ಗೆ ಹೊರಟರೆ: ಶುಕ್ರವಾರ ರಾತ್ರಿಯಿಂದ ಭಾನುವಾರ ಸಂಜೆಯವರೆಗೆ

ಇಬ್ಬರೂ ಸೈಕಲ್ ಕೊಂಡು, ಮೂರು ನಾಲ್ಕು ವಾರ ಹುರುಪಿನಿಂದ ಮಣ್ಣುದಾರಿ ಸುತ್ತಿ, ಆಮೇಲೆ ಎರಡೂ ಸೈಕಲ್ ಬಾಲ್ಕನಿಯಲ್ಲಿ ಧೂಳು ಹಿಡಿಯುವುದು ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಸಾಮಾನ್ಯ. ಕಾಲಿನಲ್ಲಿ ಶಕ್ತಿ ಸಾಲದೆ ನಿಲ್ಲಿಸುವವರು ಕಡಿಮೆ. ಶನಿವಾರ ಬೆಳಿಗ್ಗೆ ಎದ್ದು ನೋಡಿದರೆ ಟಯರಿನಲ್ಲಿ ಗಾಳಿ ಇರುವುದಿಲ್ಲ. ದಾರಿಯಲ್ಲಿ ಒಬ್ಬರು ಮುಂದೆ ಹೋಗಿ ಕಾಯುತ್ತಾರೆ, ಇನ್ನೊಬ್ಬರು ಏದುಸಿರು ಬಿಡುತ್ತಾ ತಲುಪಿದ ಕೂಡಲೇ ಮತ್ತೆ ಹೊರಟುಬಿಡುತ್ತಾರೆ. ಭಾನುವಾರ ಬಾಕಿ ಉಳಿದ ಮನೆಗೆಲಸವೆಲ್ಲ ಒಟ್ಟಿಗೆ ತಲೆ ಮೇಲೆ ಬೀಳುತ್ತದೆ. ಸವಾರಿ ನಿಂತುಹೋಗುವುದು ಇವುಗಳಿಂದ. ಇವೆಲ್ಲಕ್ಕೂ ಪರಿಹಾರ ಮನೆಯಲ್ಲೇ, ವಾರದ ನಡುವೆಯೇ ಇದೆ.

ಎರಡು ಸೈಕಲ್‌ಗೂ ಒಂದೇ ಸಾಮಾನು

ಕೊಳ್ಳುವಾಗ ಬಣ್ಣ, ಬ್ರ್ಯಾಂಡ್ ಬೇರೆ ಬೇರೆ ಇರಲಿ. ಚಕ್ರದ ಅಳತೆ, ವಾಲ್ವ್, ಚೈನಿನ ಸ್ಪೀಡ್ (ಹಿಂದಿನ ಗೇರುಗಳ ಸಂಖ್ಯೆ) ಈ ಮೂರು ಒಂದೇ ಇರುವಂತೆ ನೋಡಿಕೊಳ್ಳಿ. ಒಂದು 29 ಇಂಚು, ಇನ್ನೊಂದು 27.5 ಇಂಚು ಆದರೆ ಎರಡು ಅಳತೆಯ ಟ್ಯೂಬ್ ಹೊರಬೇಕು. ಒಂದು 9 ಸ್ಪೀಡ್, ಇನ್ನೊಂದು 12 ಸ್ಪೀಡ್ ಆದರೆ ಚೈನ್ ಕಿತ್ತಾಗ ಕೂಡಿಸುವ ಕ್ವಿಕ್ ಲಿಂಕ್ ಕೂಡ ಎರಡು ಬಗೆ ಬೇಕು, ಏಕೆಂದರೆ ಅಗಲ ಬೇರೆ. ಹೊಂದಿಕೆಯಾದರೆ ಎರಡು ಟ್ಯೂಬ್, ಒಂದು ಜೊತೆ ಕ್ವಿಕ್ ಲಿಂಕ್, ಒಂದು ಪಂಪ್, ಚೈನ್ ಕಟರ್ ಇರುವ ಒಂದು ಮಲ್ಟಿಟೂಲ್, ಮೂರು ಟಯರ್ ಲಿವರ್, ಒಂದು ಪ್ಯಾಚ್ ಡಬ್ಬಿ ಇಬ್ಬರಿಗೂ ಸಾಕು. ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಹಿಂದಿನ ಡೀರೇಲರ್ ನೇತಾಡುವ ಹ್ಯಾಂಗರ್ ಮಾತ್ರ ಒಂದೊಂದು ಮಾಡೆಲ್‌ಗೆ ಒಂದೊಂದು ಆಕಾರ. ಸೈಕಲ್ ಕೊಂಡ ದಿನವೇ ಆ ಮಾಡೆಲಿನದು ಒಂದು ಹೆಚ್ಚುವರಿ ತೆಗೆದಿಡಿ. ಎರಡು ವರ್ಷ ಬಿಟ್ಟು ಹುಡುಕಿದರೆ ಸಿಗುವುದು ಕಷ್ಟ.

ವಾಲ್ವ್ ಪ್ರೆಸ್ಟಾ (ತೆಳ್ಳಗೆ, ಉದ್ದ ಇರುವ ಬಗೆ) ಆಗಿದ್ದರೆ ಪಂಕ್ಚರ್ ಅಂಗಡಿಯ ಗಾಳಿ ನಳಿಗೆ ಅದಕ್ಕೆ ಕೂರುವುದಿಲ್ಲ. ಪುಟ್ಟ ಹಿತ್ತಾಳೆ ಅಡಾಪ್ಟರ್ ಒಂದನ್ನು ವಾಲ್ವಿಗೇ ತಿರುಗಿಸಿ ಬಿಟ್ಟಿರಿ.

ಬ್ರೇಕ್ ವಿಷಯ ಬಹಳ ಮಂದಿ ಗಮನಿಸುವುದಿಲ್ಲ. ನಮ್ಮಲ್ಲಿ ಮುಂದಿನ ಬ್ರೇಕ್ ಸಾಮಾನ್ಯವಾಗಿ ಬಲಗೈಗೆ, ಮೋಟರ್ ಸೈಕಲ್ಲಿನ ಹಾಗೆ. ಕೆಲವು ಸೈಕಲ್‌ಗಳಲ್ಲಿ ಎಡಗೈಗೆ ಬಂದಿರುತ್ತದೆ. ಗಂಡ-ಹೆಂಡತಿ ಸೈಕಲ್ ಅದಲುಬದಲು ಮಾಡಿಕೊಳ್ಳುವುದು ಖಂಡಿತ. ಇಳಿಜಾರಿನಲ್ಲಿ ಹಿಂದಿನ ಬ್ರೇಕ್ ಎಂದುಕೊಂಡು ಮುಂದಿನದನ್ನು ಹಿಡಿದರೆ ಹ್ಯಾಂಡಲ್ ಮೇಲಿಂದ ಹಾರಿ ಬೀಳುತ್ತೀರಿ. ಎರಡರಲ್ಲೂ ಒಂದೇ ಕಡೆಗೆ ಮಾಡಿಸಿಕೊಳ್ಳಿ.

ಕೈ ಚಿಕ್ಕದಿರುವವರಿಗೆ ಬ್ರೇಕ್ ಲಿವರ್ ದೂರವಾಗಿ, ಬೆರಳು ಚಾಚಿ ಚಾಚಿ ಇಪ್ಪತ್ತೇ ನಿಮಿಷದಲ್ಲಿ ಮುಂಗೈ ನೋಯತೊಡಗುತ್ತದೆ. ಲಿವರಿನ ಬುಡದಲ್ಲಿ ಪುಟ್ಟ ಸ್ಕ್ರೂ ಇರುತ್ತದೆ, ಹೆಚ್ಚಾಗಿ 2 ಮಿ.ಮೀ. ಅಲೆನ್ ಕೀ ಹಿಡಿಯುವಂಥದ್ದು. ತೋರುಬೆರಳಿನ ಮೊದಲ ಗೆಣ್ಣು ಲಿವರಿನ ತುದಿಗೆ ಸರಾಗವಾಗಿ ಸಿಗುವವರೆಗೆ ಒಳಗೆ ತನ್ನಿ. ಹೊಸದಾಗಿ ಕಲಿಯುವವರಿಗೆ ಇಳಿಜಾರಿನ ಭಯ ಇರುವುದರಲ್ಲಿ ಅರ್ಧ ಈ ಲಿವರಿನದು.

ಗಾಳಿ

ಟಯರ್ ಪಕ್ಕದಲ್ಲಿ ಬರೆದ ಗರಿಷ್ಠ ಅಂಕಿಯವರೆಗೆ ಗಾಳಿ ತುಂಬಬೇಡಿ. ಅದು ಟಯರ್ ತಡೆಯುವ ಮಿತಿ ಅಷ್ಟೆ. 2.25 ಇಂಚಿನ ಟಯರ್, ಒಳಗೆ ಟ್ಯೂಬ್ ಇದ್ದರೆ 60 ಕಿಲೋ ತೂಗುವವರು ಗಾಳಿಯ ಒತ್ತಡ ಮುಂದೆ 26, ಹಿಂದೆ 29 ಪಿಎಸ್‌ಐ. 80 ಕಿಲೋ ಇದ್ದರೆ 30 ಮತ್ತು 33 ರಿಂದ ಶುರು ಮಾಡಿ. ಟ್ಯೂಬ್‌ಲೆಸ್ ಆದರೆ ನಾಲ್ಕೈದು ಪಿಎಸ್‌ಐ ಇಳಿಸಬಹುದು. ಇಬ್ಬರಿಗೂ ಒಂದೇ ಗಾಳಿ ಹಾಕುವುದು ದೊಡ್ಡ ತಪ್ಪು: ಹಗುರ ಇರುವವರ ಚಕ್ರ ಕಲ್ಲಿನ ಮೇಲೆ ಪುಟಿಯುತ್ತದೆ, ಹಿಡಿತ ತಪ್ಪುತ್ತದೆ, ಆಮೇಲೆ "ನನಗೆ ಸೈಕಲ್ ಸರಿಯಾಗಿ ಬರಲ್ಲ" ಅನ್ನುವ ಮಾತು ಬರುತ್ತದೆ. ಗೇಜ್ ಇರುವ ನೆಲದ ಪಂಪ್ ಒಂದು ಮನೆಯಲ್ಲಿರಲಿ. ಹೆಬ್ಬೆರಳಿನಿಂದ ಒತ್ತಿ ನೋಡಿದರೆ 25 ಯಾವುದು, 35 ಯಾವುದು ಗೊತ್ತಾಗುವುದಿಲ್ಲ.

ಮುಂದಿನ ಫೋರ್ಕ್ (ಮುಂಚಕ್ರದ ಶಾಕ್ ಅಬ್ಸಾರ್ಬರ್) ಗಾಳಿಯದಾದರೆ ಅದಕ್ಕೂ ಇದೇ ಮಾತು. ಸವಾರಿಯ ಬಟ್ಟೆ, ಚೀಲ ಹಾಕಿಕೊಂಡು ಸೈಕಲ್ ಮೇಲೆ ಸಮವಾಗಿ ನಿಂತಾಗ 100 ಮಿ.ಮೀ. ಕುಸಿಯಬಲ್ಲ ಫೋರ್ಕ್ 20 ರಿಂದ 25 ಮಿ.ಮೀ. ಕುಸಿಯಬೇಕು. ಫೋರ್ಕಿನ ಹೊಳೆಯುವ ಕಂಬಕ್ಕೆ ರಬ್ಬರ್ ಉಂಗುರ ಇಲ್ಲದಿದ್ದರೆ ಒಂದು ಜಿಪ್ ಟೈ ಸಡಿಲವಾಗಿ ಕಟ್ಟಿ ಅಳೆಯಿರಿ.

ಶುಕ್ರವಾರ ರಾತ್ರಿ

ಸವಾರಿ ಶನಿವಾರ ಇಟ್ಟುಕೊಳ್ಳಿ. ಭಾನುವಾರ ಹೋದರೆ ಸೈಕಲ್ ತೊಳೆಯುವುದು, ಬಟ್ಟೆ ಒಗೆಯುವುದು, ವಾರದ ತರಕಾರಿ ಎಲ್ಲ ಸೋಮವಾರಕ್ಕೆ ಜಾರುತ್ತದೆ. ಶುಕ್ರವಾರ ಬೆಳಿಗ್ಗೆ ಅಕ್ಕಿ, ಉದ್ದು ನೆನೆಸಿಟ್ಟು ರಾತ್ರಿ ರುಬ್ಬಿಟ್ಟರೆ ಶನಿವಾರ ವಾಪಸ್ ಬರುವಷ್ಟರಲ್ಲಿ ದೋಸೆ ಹಿಟ್ಟು ಉಬ್ಬಿರುತ್ತದೆ. ಸುಸ್ತಾಗಿ ಬಂದವರು ಅಡುಗೆಗೆ ನಿಲ್ಲಬೇಕಿಲ್ಲ.

ಒಬ್ಬರು ಊಟ-ನೀರು, ಒಬ್ಬರು ಸೈಕಲ್ ಎಂದು ಹಂಚಿಕೊಳ್ಳಿ, ಆದರೆ ವಾರ ಬಿಟ್ಟು ವಾರ ಬದಲಾಯಿಸಿ. ರಿಪೇರಿ ಒಬ್ಬರಿಗೆ ಮಾತ್ರ ಬಂದರೆ, ಆ ಒಬ್ಬರೇ ಬಿದ್ದು ಕೈ ಉಳುಕಿಸಿಕೊಂಡ ದಿನ ಇಬ್ಬರೂ ನಡೆದು ಬರಬೇಕು.

ಸೈಕಲ್ ನೋಡುವವರ ಕೆಲಸ ಹತ್ತು ನಿಮಿಷದ್ದು. ಗಾಳಿ ಅಳೆಯಿರಿ. ಎರಡೂ ಬ್ರೇಕ್ ಒತ್ತಿ, ಲಿವರ್ ಹ್ಯಾಂಡಲಿಗೆ ತಾಗಬಾರದು. ಮುಂದಿನ ಬ್ರೇಕ್ ಹಿಡಿದು ಸೈಕಲನ್ನು ಹಿಂದೆ ಮುಂದೆ ಅಲ್ಲಾಡಿಸಿ. 'ಟಕ್ ಟಕ್' ಎಂದರೆ ಹ್ಯಾಂಡಲ್ ತಿರುಗಿಸುವ ಬೇರಿಂಗ್, ಅಂದರೆ ಹೆಡ್‌ಸೆಟ್ ಸಡಿಲ. ಹಿಂದಿನಿಂದ ಬಗ್ಗಿ ನೋಡಿ: ಡೀರೇಲರಿನ ಎರಡು ಪುಟ್ಟ ಚಕ್ರ ಮತ್ತು ಮೇಲಿನ ಗೇರಿನ ಹಲ್ಲು ಒಂದೇ ಗೆರೆಯಲ್ಲಿರಬೇಕು. ಒಳಕ್ಕೆ ಬಾಗಿದ್ದರೆ ಹ್ಯಾಂಗರ್ ಬಗ್ಗಿದೆ ಎಂದರ್ಥ. ಅದನ್ನು ಸರಿಮಾಡದೆ ಏರಿನಲ್ಲಿ ಅತಿ ಹಗುರದ ಗೇರ್ ಹಾಕಿದರೆ ಡೀರೇಲರ್ ಕಡ್ಡಿಗಳಿಗೆ ಸಿಕ್ಕಿ, ಚಕ್ರದ ಜೊತೆ ತಾನೂ ಮುರಿಯುತ್ತದೆ. ದಾರಿಯಲ್ಲಿ ಬಲಕ್ಕೆ ಬಿದ್ದಾಗಲೆಲ್ಲ ಇದನ್ನು ಇನ್ನೊಮ್ಮೆ ನೋಡಿಯೇ ಹತ್ತಬೇಕು.

ಕಾರಿನ ಒಳಗೆ ಹಾಕಲು ಚಕ್ರ ಬಿಚ್ಚಿದರೆ ಬ್ರೇಕ್ ಪ್ಯಾಡುಗಳ ನಡುವೆ ಮಡಿಚಿದ ರಟ್ಟು ಸಿಕ್ಕಿಸಿ. ಡಿಸ್ಕ್ ಇಲ್ಲದಾಗ ಯಾರಾದರೂ ಲಿವರ್ ಒತ್ತಿದರೆ ಪ್ಯಾಡ್ ಒತ್ತುವ ಪಿಸ್ಟನ್ ಹೊರಬಂದು, ಬೆಳಿಗ್ಗೆ ಡಿಸ್ಕ್ ಒಳಗೆ ತೂರುವುದೇ ಇಲ್ಲ. ಹಿಂದಿನ ಡಿಕ್ಕಿಗೆ ಕಟ್ಟುವ ರ‍್ಯಾಕ್ ಆದರೆ ನಂಬರ್ ಪ್ಲೇಟ್, ಹಿಂದಿನ ದೀಪ ಮುಚ್ಚಬಾರದು, ಟಯರ್ ಸೈಲೆನ್ಸರಿನ ಬಾಯಿಗೆ ನೇರ ಬರಬಾರದು. ಒಂದು ಗಂಟೆಯ ಹೆದ್ದಾರಿ ಓಟದಲ್ಲಿ ರಬ್ಬರ್ ಕರಗುತ್ತದೆ. ಐದು ಕಿಲೋಮೀಟರ್ ಹೋದ ಮೇಲೆ ನಿಲ್ಲಿಸಿ ಪಟ್ಟಿಗಳನ್ನು ಇನ್ನೊಮ್ಮೆ ಬಿಗಿಯಿರಿ.

ನೀರು ಒಬ್ಬರಿಗೆ ಗಂಟೆಗೆ 500 ರಿಂದ 750 ಮಿಲಿ ಲೆಕ್ಕ. ಓಆರ್‌ಎಸ್ ದೊಡ್ಡ ಪೊಟ್ಟಣವಾದರೆ ಒಂದು ಲೀಟರಿಗೆ ಅಳತೆ ಮಾಡಿದ್ದು; 750 ಮಿಲಿ ಬಾಟಲಿಗೆ ಪೂರ್ತಿ ಸುರಿಯದೆ, ಮನೆಯಲ್ಲೇ ಲೀಟರ್ ಜಗ್ಗಿನಲ್ಲಿ ಕದಡಿ ಬಾಟಲಿಗೆ ತುಂಬಿ. ತಿನ್ನಲು ತುಪ್ಪ ಸವರಿ ಬೆಲ್ಲ ಉದುರಿಸಿ ಸುತ್ತಿದ ಚಪಾತಿ, ಖರ್ಜೂರ, ಕಡಲೆಕಾಯಿ ಚಿಕ್ಕಿ ಸಾಕು. ಮುಕ್ಕಾಲು ಗಂಟೆಗೊಮ್ಮೆ ಎರಡು ತುತ್ತು, ಹಸಿವಾಗುವ ಮೊದಲೇ.

ಎಲ್ಲಿಗೆ, ಯಾವಾಗ

ತುಮಕೂರಿನ ಹತ್ತಿರದ ದೇವರಾಯನದುರ್ಗದ ಸುತ್ತಮುತ್ತ ಒಂದು ಒಳ್ಳೆಯ ಶನಿವಾರ ಕಳೆಯಬಹುದು. ಬೆಂಗಳೂರಿನಿಂದ ಸುಮಾರು 70 ಕಿ.ಮೀ. ಕೆಳಗೆ ಭೋಗನರಸಿಂಹ, ಬೆಟ್ಟದ ಮೇಲೆ ಯೋಗನರಸಿಂಹ. ಹತ್ತಿರದಲ್ಲೇ ನಾಮದ ಚಿಲುಮೆ. ಬೆಟ್ಟದ ರಸ್ತೆ ಡಾಂಬರು, ಆದರೆ ಕೆಳಗಿನ ಊರುಗಳ ನಡುವೆ ಕೆರೆ ಏರಿ, ತೋಪು, ಹಾಸುಬಂಡೆ ದಾಟಿಕೊಂಡು ಹೋಗುವ ಬಂಡಿಜಾಡುಗಳು ಕಲಿಯುವವರಿಗೂ ಪಳಗಿದವರಿಗೂ ಹೊಂದುತ್ತವೆ. ಕಾಡಿನೊಳಗೆ ಸೈಕಲ್ ತಿರುಗಿಸಬೇಡಿ. ಮೀಸಲು ಅರಣ್ಯಕ್ಕೆ ಅನುಮತಿಯಿಲ್ಲದೆ ಹೋಗುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಅಪರಾಧ. ಅದಕ್ಕಿಂತ ಮುಖ್ಯವಾಗಿ ಅಲ್ಲಿ ಚಿರತೆ, ಕರಡಿ ಇವೆ. ಕರಡಿ ಎದುರಾಗುವುದು ಹೆಚ್ಚಾಗಿ ಬೆಳಗಿನ ಜಾವ, ಮುಸ್ಸಂಜೆಯಲ್ಲಿ. ಆದ್ದರಿಂದ ಪೂರ್ತಿ ಬೆಳಕಾದ ಮೇಲೆ ಶುರು ಮಾಡಿ, ಬಿಸಿಲೇರುವ ಮೊದಲು, ಹತ್ತೂವರೆಗೆಲ್ಲ ಮುಗಿಸಿ. ವಾಪಸ್ ಬರುವಾಗ ಕ್ಯಾತ್ಸಂದ್ರದ ತಟ್ಟೆ ಇಡ್ಲಿ ದಾರಿಯಲ್ಲೇ ಸಿಗುತ್ತದೆ.

ಡಿಸೆಂಬರ್-ಜನವರಿಯಲ್ಲಿ ಹಳ್ಳಿ ರಸ್ತೆಯ ಮೇಲೆ ರಾಗಿ, ಹುರುಳಿ ಹರಡಿರುತ್ತಾರೆ. ಅದರ ಮೇಲೆ ಸೈಕಲ್ ಹೊಡೆಯಬೇಡಿ. ಹುರುಳಿಯ ಬಳ್ಳಿ ಹಗ್ಗದಂತೆ ಹಿಂದಿನ ಗೇರಿಗೆ ಸುತ್ತಿಕೊಂಡು ಎರಡೇ ಸುತ್ತಿಗೆ ಡೀರೇಲರನ್ನು ಎಳೆದು ಹ್ಯಾಂಗರ್ ಮುರಿಯುತ್ತದೆ. ಇಳಿದು, ಎತ್ತಿಕೊಂಡು, ಪಕ್ಕದಿಂದ ದಾಟಿ. ಅದು ಒಬ್ಬರ ವರ್ಷದ ಬೆಳೆ ಕೂಡ. ಮಳೆ ಬಂದ ಮೇಲೆ ಕೆಂಪುಮಣ್ಣಿನ ದಾರಿಗೆ ಒಂದು ದಿನ ಆರಲು ಬಿಡಿ. ಎರೆ ಮಣ್ಣಿನ ಸೀಮೆಯಲ್ಲಾದರೆ ನಾಲ್ಕೈದು ದಿನ ಬಿಡಿ, ಹತ್ತು ಮಾರು ಹೋಗುವುದರಲ್ಲಿ ಚಕ್ರ ತಿರುಗದಂತೆ ಮೆತ್ತಿಕೊಳ್ಳುತ್ತದೆ.

ನಾಯಿ ಅಟ್ಟಿಸಿಕೊಂಡು ಬಂದರೆ ಏರಿನಲ್ಲಿ ಓಡಿಸಿ ಗೆಲ್ಲಲಾಗುವುದಿಲ್ಲ. ಇಳಿದು, ಸೈಕಲನ್ನು ನಡುವೆ ಹಿಡಿದುಕೊಂಡು, ನಿಧಾನ ನಡೆಯಿರಿ. ಕಚ್ಚಿದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ರೇಬಿಸ್ ಲಸಿಕೆಗೆ ಹೋಗಿ. ಹೊರಡುವ ಮೊದಲು ದಾರಿ ಮತ್ತು ವಾಪಸಾಗುವ ಹೊತ್ತು ಮನೆಯಲ್ಲಿ ಒಬ್ಬರಿಗೆ ಹೇಳಿರಿ. ಆಂಬುಲೆನ್ಸಿಗೆ 108, ಉಳಿದ ತುರ್ತಿಗೆ 112.

ಮುಂದೆ ಯಾರು

ಏರಿನಲ್ಲಿ ನಿಧಾನ ಇರುವವರು ಮುಂದೆ. ವೇಗ ಅವರದು. ಜೋರಾಗಿ ತುಳಿಯಲೇಬೇಕೆನಿಸುವವರು ದಿಣ್ಣೆ ಹತ್ತಿ, ಮತ್ತೆ ಕೆಳಗಿಳಿದು ಹಿಂದಿನಿಂದ ಸೇರಿಕೊಳ್ಳಲಿ. ಇಬ್ಬರಿಗೂ ಬೇಕಾದಷ್ಟು ದಣಿವಾಗುತ್ತದೆ. ಮೇಲೆ ಕಾದು ನಿಂತವರು, ಜೊತೆಗಾರರು ಬಂದು ಉಸಿರು ಸುಧಾರಿಸಿಕೊಂಡು ನೀರು ಕುಡಿಯುವವರೆಗೆ ಪೆಡಲ್ ಮೇಲೆ ಕಾಲಿಡಬಾರದು. ಬಲವಿರುವವರು ಸಾಮಾನು, ಹೆಚ್ಚಿನ ನೀರು ಹೊರಲಿ: ಎರಡು ಲೀಟರ್ ನೀರೆಂದರೆ ಎರಡು ಕಿಲೋ.

ಇನ್ನೂ ಅಂತರ ಉಳಿದರೆ ಬೈಯುವ ಬದಲು ಗೇರಿನ ಹಲ್ಲು ಬದಲಾಯಿಸಿ. ಪೆಡಲಿನ ಬಳಿ ಇರುವ 32 ಹಲ್ಲಿನ ಚಕ್ರ, ಅಂದರೆ ಚೈನ್‌ರಿಂಗ್ ತೆಗೆದು 30ರದು ಹಾಕಿದರೆ ಪ್ರತಿ ಗೇರೂ ಸುಮಾರು 6 ಶೇಕಡಾ ಹಗುರವಾಗುತ್ತದೆ.

ಇಳಿಯುವಾಗ ನಡುವೆ ನಾಲ್ಕೈದು ಸೆಕೆಂಡಿನ ಅಂತರ ಇರಲಿ, ಧೂಳು ಮುಚ್ಚಿದರೆ ಇನ್ನೂ ಹೆಚ್ಚು. ದಾರಿ ಕವಲೊಡೆದಲ್ಲಿ ಮುಂದಿನವರು ನಿಲ್ಲಲೇಬೇಕು.

ಜಾಲಿ ಮುಳ್ಳು

ಬಯಲುಸೀಮೆಯಲ್ಲಿ ಪಂಕ್ಚರಿಗೆ ದೊಡ್ಡ ಕಾರಣ ಬಳ್ಳಾರಿ ಜಾಲಿ. ಮುಳ್ಳು ಕಂಡ ಕೂಡಲೇ ಕಿತ್ತು ಬಿಸಾಡಬೇಡಿ. ಟ್ಯೂಬ್ ಟಯರ್ ಆದರೆ ಅದು ತೂತಿನ ಗುರುತು. ಚಕ್ರ ಬಿಚ್ಚಿ, ಟಯರಿನ ಒಂದು ಅಂಚು ಮಾತ್ರ ಲಿವರಿನಿಂದ ಎಬ್ಬಿಸಿ ಟ್ಯೂಬ್ ಎಳೆಯಿರಿ, ವಾಲ್ವ್ ಎಲ್ಲಿತ್ತೆಂದು ನೆನಪಿಡಿ. ಟಯರಿನ ಹೆಸರು ಯಾವಾಗಲೂ ವಾಲ್ವಿನ ನೇರಕ್ಕೆ ಬರುವಂತೆ ಕೂರಿಸುವ ಅಭ್ಯಾಸ ಇಲ್ಲಿ ಉಪಯೋಗಕ್ಕೆ ಬರುತ್ತದೆ: ಟ್ಯೂಬಿನ ತೂತು ವಾಲ್ವಿನಿಂದ ಒಂದು ಗೇಣು ದೂರ ಇದ್ದರೆ, ಟಯರಿನಲ್ಲೂ ಮುಳ್ಳು ಹೆಸರಿನಿಂದ ಒಂದು ಗೇಣಿನಲ್ಲೇ ಇದೆ.

ಟ್ಯೂಬಿಗೆ ಸ್ವಲ್ಪ ಗಾಳಿ ಹಾಕಿ ತುಟಿಯ ಹತ್ತಿರ ತಂದು ತಿರುಗಿಸಿ. ಸಣ್ಣ ತೂತಿನ ಗಾಳಿ ಬೆರಳಿಗಿಂತ ತುಟಿಗೆ ಬೇಗ ಗೊತ್ತಾಗುತ್ತದೆ. ಪಕ್ಕಪಕ್ಕದಲ್ಲಿ ಎರಡು ಸೀಳು ಇದ್ದರೆ ಅದು ಮುಳ್ಳಿನದಲ್ಲ, ಗಾಳಿ ಕಡಿಮೆಯಿದ್ದು ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬ್ ಸಿಕ್ಕಿದ್ದು. ಟಯರಿನ ಒಳಮೈಯನ್ನು ಬರಿಬೆರಳಿಂದ ಸವರಬೇಡಿ, ಹತ್ತಿ ಬಟ್ಟೆಯಿಂದ ಸವರಿ. ಎಳೆ ಸಿಕ್ಕಿಕೊಂಡಲ್ಲಿ ಮುರಿದ ಮೊನೆ ಇದೆ. ಸಣ್ಣ ಅಲೆನ್ ಕೀಯಿಂದ ಒಳಗಿನಿಂದ ಹೊರಕ್ಕೆ ತಳ್ಳಿ ತೆಗೆಯಿರಿ. ಒಂದು ಸಿಕ್ಕಿತೆಂದು ನಿಲ್ಲಿಸಬೇಡಿ. ಜಾಲಿಯ ಪಕ್ಕ ಹಾದ ಟಯರಿನಲ್ಲಿ ಇನ್ನೂ ಒಂದೆರಡು ಇರುತ್ತವೆ. ಹೊಸ ಟ್ಯೂಬ್ ಹಾಕಿ ಹತ್ತೇ ನಿಮಿಷಕ್ಕೆ ಮತ್ತೆ ಗಾಳಿ ಇಳಿಯುವುದು ಇದರಿಂದಲೇ.

ಪ್ಯಾಚ್ ಹಾಕುವಾಗ ಉಜ್ಜಿ, ಅಂಟು ತೆಳ್ಳಗೆ ಹಚ್ಚಿ, ಹೊಳಪು ಹೋಗುವವರೆಗೆ ನಾಲ್ಕೈದು ನಿಮಿಷ ಕಾಯಬೇಕು. ಹಸಿಯಿರುವಾಗಲೇ ಪ್ಯಾಚ್ ಒತ್ತಿದರೆ ಅದು ಎದ್ದು ಬರುತ್ತದೆ. ಟ್ಯೂಬ್‌ಲೆಸ್ ಆದರೆ ಮುಳ್ಳು ಕಿತ್ತು ತೂತನ್ನು ಕೆಳಗೆ ಬರುವಂತೆ ತಿರುಗಿಸಿ ನಿಲ್ಲಿಸಿ. ಟಯರಿನೊಳಗಿನ ಸೀಲೆಂಟ್ ದ್ರವ ಅದನ್ನು ತಾನೇ ಮುಚ್ಚುತ್ತದೆ. 29 ಇಂಚಿನ ಚಕ್ರಕ್ಕೆ 90-100 ಮಿಲಿ ಬೇಕು. ನಮ್ಮ ಸೆಕೆಗೆ ಅದು ಒಣಗುವುದರಿಂದ ಎರಡು ಮೂರು ತಿಂಗಳಿಗೊಮ್ಮೆ ನೋಡಿ ತುಂಬಿಸಿ.

ಭಾನುವಾರ

ಪ್ರೆಷರ್ ವಾಷರ್ ಹಿಡಿಯಬೇಡಿ, ಬೇರಿಂಗ್ ಒಳಗಿನ ಗ್ರೀಸ್ ತೊಳೆದುಹೋಗುತ್ತದೆ. ಒಂದು ಬಕೆಟ್ ನೀರು, ಒಂದು ಪೊಟ್ಟಣ ಶಾಂಪೂ, ಹಳೆ ಬ್ರಷ್ ಇದ್ದರೆ ಎರಡೂ ಸೈಕಲ್ ಆಗುತ್ತವೆ. ಆರ್‌ಒ ಯಂತ್ರ ಹೊರಬಿಡುವ ನೀರನ್ನು ಎರಡು ದಿನ ಹಿಡಿದಿಟ್ಟರೆ ಸಾಕಾಗುತ್ತದೆ. ಕಲೆ ಉಳಿಯದಂತೆ ಕೂಡಲೇ ಒರೆಸಿ. ಚೈನ್ ಒಣಗಿದ ಮೇಲೆ ಒಂದೊಂದು ರೋಲರಿಗೆ ಒಂದೊಂದು ತೊಟ್ಟು ಲ್ಯೂಬ್ (ಚೈನಿಗೆಂದೇ ಬರುವ ಎಣ್ಣೆ) ಬಿಟ್ಟು, ಹತ್ತು ನಿಮಿಷದ ನಂತರ ಹೊರಗಿನದನ್ನೆಲ್ಲ ಒರೆಸಿ ತೆಗೆಯಿರಿ. ಹೊರಗೆ ಉಳಿದ ಎಣ್ಣೆ ಧೂಳು ಹಿಡಿದು ಅರದಂತೆ ಹಲ್ಲು ತಿನ್ನುತ್ತದೆ. ಕೊಬ್ಬರಿ ಎಣ್ಣೆ, ಎಂಜಿನ್ ಆಯಿಲ್ ಬೇಡ. ಸ್ಪ್ರೇ ಲ್ಯೂಬ್ ಅಂತೂ ಬೇಡವೇ ಬೇಡ. ಒಂದು ಹನಿ ಡಿಸ್ಕಿಗೆ ಹಾರಿದರೆ ಬ್ರೇಕ್ ಕೀರಲು ಶುರುವಾಗಿ ಹಿಡಿಯುವುದಿಲ್ಲ. ಡಿಸ್ಕನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಬಹುದು, ಎಣ್ಣೆ ಕುಡಿದ ಪ್ಯಾಡ್ ಮಾತ್ರ ಬದಲಾಯಿಸಲೇಬೇಕು.

ತಿಂಗಳಿಗೊಮ್ಮೆ ಚೈನ್ ಚೆಕರ್ (ಚೈನಿನ ಸವೆತ ಅಳೆಯುವ ಪಟ್ಟಿ) ಇಟ್ಟು ನೋಡಿ. 11, 12 ಸ್ಪೀಡಿಗೆ ಅದರ 0.5 ಗುರುತಿನ ಬದಿ ಚೈನಿನೊಳಗೆ ತೂರಿದರೆ, 8ರಿಂದ 10 ಸ್ಪೀಡಿಗೆ 0.75 ತೂರಿದರೆ ಚೈನ್ ಬದಲಾಯಿಸಿ. ಎರಡು ಸೈಕಲ್ಲಿನದನ್ನೂ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬೇರೆ ಬೇರೆ ಬರೆದಿಡಿ. ಭಾರ ಬೇರೆ, ತುಳಿತ ಬೇರೆ ಆದ್ದರಿಂದ ಎರಡೂ ಒಟ್ಟಿಗೆ ಸವೆಯುವುದಿಲ್ಲ.