ಬೇಸ್ ತಗದು ಟೋನ್ ಹೆವಿ ಮಾಡಿದ್ದು: ನನ್ನ 50 ವ್ಯಾಟಿನ ಟ್ಯೂಬ್ ಹೆಡ್ ಅನುಭವ

ಬೇಸ್ ಕಡಿಮಿ ಮಾಡಿದ್ರ ಟೋನ್ ಹೆವಿ ಆಗತೈತಿ ಅಂತ ನಾ ಹೇಳಿದಾಗ ನಮ್ಮ ಬೆಳಗಾವಿ ಗಿಟಾರ್ ಮಂದಿ ಒಬ್ಬರೂ ನಂಬಲಿಲ್ಲ. ಈಗ ಅದೇ ಮಂದಿ ಬಂದು ಹೆಡ್ಡಿನ (ಸ್ಪೀಕರ್ ಇಲ್ಲದ ಗಿಟಾರ್ ಆಂಪ್) ಹಿಂದಿನ ಪ್ಲೇಟ್ ಬಿಚ್ಚಿ ತೋರ್ಸು ಅಂತಾರ, ಅದಕ್ಕ ಒಂದ್ಸಲ ಎಲ್ಲಾ ಬರದಿಡತೀನಿ. ಸೋಲ್ಡರ್ ಹೆಂಗ ಹಿಡೀಬೇಕು, ಬಯಾಸ್ (ಸುಮ್ಮನ ಇದ್ದಾಗ ಪವರ್ ಟ್ಯೂಬಿನ್ಯಾಗ ಹರಿಯೋ ಕರೆಂಟ್) ಹೆಂಗ ನೋಡಬೇಕು ಅನ್ನೋದು ನಿಮಗ ಗೊತ್ತಿರೋದ, ಅದನ್ನ ಹೇಳಂಗಿಲ್ಲ. ಒಂದ ಮಾತು, ಪವರ್ ಟ್ಯೂಬಿನ ಪ್ಲೇಟ್ ಮ್ಯಾಲ 430 ವೋಲ್ಟ್ ಇರತೈತಿ, ಸ್ವಿಚ್ ಬಂದ್ ಮಾಡಿದಮ್ಯಾಲೂ ಫಿಲ್ಟರ್ ಕಂಡೆನ್ಸರ್‌ನ್ಯಾಗ ಉಳದಿರತೈತಿ, ಡಿಸ್ಚಾರ್ಜ್ ಮಾಡಿ ಮೀಟರ್ ಹಚ್ಚಿ ನೋಡೋತನಕ ಕೈ ಹಾಕಬ್ಯಾಡ್ರಿ.

ಹೆಡ್ ನಾನ ಕಟ್ಟಿದ್ದು, ಮಾರ್ಷಲ್ 2204 ಸರ್ಕ್ಯೂಟ್, ಎರಡು ಇಎಲ್34 ಪವರ್ ಟ್ಯೂಬ್, ಮೂರು 12ಎಎಕ್ಸ್7 ಸಣ್ಣ ಟ್ಯೂಬ್. ಗಿಟಾರ್ ಹಂಬಕರ್ ಪಿಕಪ್ಪಿಂದು, 12-60 ದಪ್ಪನ ತಂತಿ, ಸಿ ತನಕ ಇಳಿಸಿದ್ದು, ಅಂದ್ರ ಕೆಳಗಿನ ತಂತಿ ಸುಮಾರು 65 ಹರ್ಟ್ಸ್. ನನಗ ಬೇಕಾಗಿದ್ದು ಡಾರ್ಕ್ ಟೋನ್, ಪಾಮ್ ಮ್ಯೂಟ್ (ಅಂಗೈ ತಂತಿಗೆ ತಾಗಿಸಿ) ಹೊಡದ್ರ ಎದಿಗೆ ಬಡೀಬೇಕು, ಮ್ಯಾಲಿನ ಚರಚರ ಇರಬಾರದು. 2204 ಅಂದ್ರ ಹುಟ್ಟಾ ಬ್ರೈಟ್ ಆಂಪ್, ಅದು ನಿಮಗೂ ಗೊತ್ತು.

ಮೊದಲ ಎಲ್ಲಾರೂ ಹೇಳೋದನ್ನ ಮಾಡಿ ನೋಡಿದೆ. ಒಂದು ಸ್ಟೇಜಿನಿಂದ ಮುಂದಿನದಕ್ಕ ಸಿಗ್ನಲ್ ದಾಟಿಸೋ ಕಪ್ಲಿಂಗ್ ಕಂಡೆನ್ಸರ್ 22 ನ್ಯಾನೋ ತಗದು 100 ನ್ಯಾನೋ ಹಾಕು, ಬೇಸ್ ಬರ್ತೈತಿ ಅಂದ್ರು. ಬಂತು, ಆದ್ರ ಎಲ್ಲಾ ರಾಡಿ. ತೊಯ್ದ ಗೋಣಿಚೀಲ ಬಡದಂಗ ಸಪ್ಪಳ, ಅದರ ಮ್ಯಾಲ ಜೋರ್ ಹೊಡದಾಗ ನೋಟ್ ಒಂದ ಕ್ಷಣ ಉಸಿರು ಕಟ್ಟಿ ಆಮ್ಯಾಲ ತಿರುಗಿ ಬರೋದು, ಬ್ಲಾಕಿಂಗ್ ಡಿಸ್ಟಾರ್ಷನ್ ಅಂದ್ರ ಅದ. ಮುಂದ ಮೊದಲ ಸ್ಟೇಜಿನ ಕ್ಯಾಥೋಡಿಗೆ 0.68 ಬದಲಿ 25 ಮೈಕ್ರೋ ಕಂಡೆನ್ಸರ್ ಹಾಕಿದೆ, ಇನ್ನಷ್ಟು ರಾಡಿ. ಮೊದಲ ಸಾಕೆಟ್ಟಿಗೆ 12ಎವೈ7 ಅನ್ನೋ ಕಡಿಮಿ ಗೇನಿನ ಟ್ಯೂಬ್ ಹಾಕಿದೆ, ಗೇನ್ ಅರ್ಧಕ್ಕಿಂತ ಕಡಿಮಿ ಆತು, ಡಾರ್ಕ್ ಆತು ಖರೇ ಆದ್ರ ಹಲ್ಲಿಲ್ಲ. ಆ ಒಂದ ಟ್ಯೂಬಿಗೆ ಎರಡು ಸಾವಿರದ ಮ್ಯಾಲ ಹೋತು, ಈಗ ಡಬ್ಬಿಯೊಳಗ ಬಿದ್ದೈತಿ. ಟೋನ್ ಸ್ಟ್ಯಾಕಿನ (ಬೇಸ್, ಮಿಡ್, ಟ್ರೆಬಲ್ ಕಂಟ್ರೋಲ್) ಸ್ಲೋಪ್ ರೆಸಿಸ್ಟರ್ 33ಕೆ ತಗದು 56ಕೆ ಹಾಕಿದೆ, ಮನಿಯೊಳಗ ಒಬ್ಬನ ಬಾರಿಸುವಾಗ ಭಾಳ ಚಂದ, ಡ್ರಮ್ ಮತ್ತ ಬೇಸ್ ಗಿಟಾರ್ ಜೋಡಿ ನಿಂತ ಕೂಡಲೇ ನನ್ನ ಗಿಟಾರ್ ಮಾಯ, ಯಾಕಂದ್ರ ಮಿಡ್ ಎಲ್ಲಾ ಹೋಗಿತ್ತು. ತಿರುಗಿ 33ಕೆ ಹಾಕಿ ಅದನ್ನ ಅಲ್ಲಿಗೇ ಬಿಟ್ಟೆ.

ದಾರಿ ಸಿಕ್ಕಿದ್ದು ಒಂದು 7 ಬ್ಯಾಂಡ್ ಇಕ್ಯೂ (ಒಂದೊಂದು ಫ್ರೀಕ್ವೆನ್ಸಿ ಬ್ಯಾರೆ ಬ್ಯಾರೆ ಏರಿಸಿ ಇಳಿಸೋ) ಪೆಡಲ್‌ನಿಂದ. ಆಂಪಿನ ಮುಂದ ಇಟ್ಟು 100 ಹರ್ಟ್ಸ್ ಏರಿಸಿದ್ರ ಅದೇ ರಾಡಿ. ಅದನ್ನ ಮಾಸ್ಟರ್ ವಾಲ್ಯೂಮ್ ಆದಮ್ಯಾಲ, ಫೇಸ್ ಇನ್ವರ್ಟರಿಗೆ (ಎರಡೂ ಪವರ್ ಟ್ಯೂಬಿಗೆ ಸಿಗ್ನಲ್ ಹಂಚೋ ಸ್ಟೇಜ್) ಹೋಗೋ ವಾಯರ್ ಕಡದು ಎರಡು ಜ್ಯಾಕ್ ಹಾಕಿ ಅಲ್ಲಿ ಇಟ್ಟೆ, ಮಾಸ್ಟರ್ ಕೆಳಗ ಇದ್ದಾಗ ಪೆಡಲ್ ತಡೀತೈತಿ. ಅದೇ 100 ಹರ್ಟ್ಸ್ ಅಷ್ಟ ಏರಿಸಿದೆ, ಗ್ವಾಡಿ ನಡುಗಿತು, ಮತ್ತ ಒಂದೊಂದು ನೋಟ್ ಬ್ಯಾರೆ ಬ್ಯಾರೆ ಕೇಳಾಕ ಹತ್ತಿತು. ಅಲ್ಲಿಗೆ ತಲಿಗೆ ಹೊಳೀತು, ಕ್ಲಿಪ್ ಆಗೋಕಿಂತ (ಸಿಗ್ನಲ್ ಹೆಚ್ಚಾಗಿ ತಲಿ ಕತ್ತರಿಸಿ ಡಿಸ್ಟಾರ್ಷನ್ ಆಗೋಕಿಂತ) ಮುಂಚೆ ಬೇಸ್ ತಗೀಬೇಕು, ಕ್ಲಿಪ್ ಆದಮ್ಯಾಲ ಕೊಡಬೇಕು. ಟ್ರೆಬಲ್‌ದು ಉಲ್ಟಾ, ಮುಂಚೆ ಇರಲಿ, ಆದಮ್ಯಾಲ ಕಡೀರಿ. ಬ್ಲ್ಯಾಕ್ ಸಬ್ಬತ್ ಬ್ಯಾಂಡಿನ ಟೋನಿ ಐಯೋಮಿ ಲೇನಿ ಆಂಪಿನ ಮುಂದ ಇಟ್ಟಿದ್ದು ಟ್ರೆಬಲ್ ಬೂಸ್ಟರ್, ಬೇಸ್ ಬೂಸ್ಟರ್ ಅಲ್ಲ. ಆ ರೇಂಜ್‌ಮಾಸ್ಟರ್ ಬೂಸ್ಟರಿನ ಇನ್‌ಪುಟ್ಟಿನ್ಯಾಗ ಬರೇ 5 ನ್ಯಾನೋ ಕಂಡೆನ್ಸರ್ ಇರತೈತಿ, ಕೆಳಗಿನದೆಲ್ಲಾ ಅಲ್ಲೇ ಸೋಸಿ ಹೋಗತೈತಿ. ಇದನ್ನ ಹೇಳಿದ್ರೂ ನಮ್ಮ ದೋಸ್ತರು ಕೇಳಲಿಲ್ಲ, "ಲೇ, ಅವನ ಕೈ ಬ್ಯಾರೆ" ಅಂದ್ರು.

ಪೆಡಲ್ ತಗದು ಆಂಪಿನೊಳಗ ಮಾಡಿದ್ದು ಹಿಂಗ. ಮೊದಲ ಸ್ಟೇಜಿನ ಕಪ್ಲಿಂಗ್ 22 ನ್ಯಾನೋದಿಂದ 2.2 ನ್ಯಾನೋಕ್ಕ ಇಳಿಸಿದೆ, 1 ಮೆಗ್ ಪಾಟ್ ಎದುರು ಅಂದ್ರ ಸುಮಾರು 70 ಹರ್ಟ್ಸ್ ಕೆಳಗ ಇಳೀಲಿಕ್ಕೆ ಸುರು ಆಗತೈತಿ. 10ಕೆ ಕೋಲ್ಡ್ ಕ್ಲಿಪ್ಪರ್ (ಎರಡನೇ ಸ್ಟೇಜ್) ಆದಮ್ಯಾಲಿನ ಕಪ್ಲಿಂಗ್ 4.7 ನ್ಯಾನೋ. ವಾಲ್ಯೂಮ್ ಪಾಟ್ ಮ್ಯಾಲಿನ 1 ನ್ಯಾನೋ ಬ್ರೈಟ್ ಕಂಡೆನ್ಸರ್ ಕಡದು ಒಗದೆ, ಆದ್ರ 470ಕೆ ಮ್ಯಾಲಿನ 470 ಪಿಕೋ ಮುಟ್ಟಲಿಲ್ಲ, ಅದು ಹೋದ್ರ ಪಿಕ್ಕಿನ ಕಚ್ಚು ಹೋಗತೈತಿ. ಹಿಂದ ಪವರ್ ಆಂಪಿನ್ಯಾಗ ನೆಗೆಟಿವ್ ಫೀಡ್‌ಬ್ಯಾಕಿನ (ಔಟ್‌ಪುಟ್ಟಿನ ಸ್ವಲ್ಪ ಸಿಗ್ನಲ್ ಉಲ್ಟಾ ಮಾಡಿ ತಿರುಗಿ ಕೊಡೋದು) 100ಕೆ ಜೋಡಿ ಸೀರೀಸ್‌ನ್ಯಾಗ ಒಂದು 1 ಮೆಗ್ ಪಾಟ್, ಅದ ಡಿಪ್ತ್ ಕಂಟ್ರೋಲ್, ಆ ಪಾಟಿಗೆ ಅಡ್ಡ 4.7 ನ್ಯಾನೋ. ಕೆಳಗಿನ ಫ್ರೀಕ್ವೆನ್ಸಿ ಆ ಕಂಡೆನ್ಸರ್ ದಾಟಂಗಿಲ್ಲ, ಅಲ್ಲಿ ಫೀಡ್‌ಬ್ಯಾಕ್ ಕಡಿಮಿ ಆಗಿ ಸ್ಪೀಕರ್ ಸಡಿಲ ಆಗತೈತಿ, ಎದಿಗೆ ಬಡಿಯೋ ಗುದ್ದು ಅಲ್ಲಿಂದ ಬರ್ತೈತಿ. ಡಾರ್ಕ್ ಮಾಡಾಕ ವಾಕ್ಸ್ ಎಸಿ30 ದ ಕಟ್ ಕಂಟ್ರೋಲ್ ತಂದೆ, ಫೇಸ್ ಇನ್ವರ್ಟರಿನ ಎರಡೂ ಔಟ್‌ಪುಟ್ ನಡುವ 4.7 ನ್ಯಾನೋ ಮತ್ತ 250ಕೆ ಪಾಟ್. ಮಾರ್ಷಲ್ ಸರ್ಕ್ಯೂಟಿಗೆ ಇದನ್ನ ಹಾಕಿದ್ದು ನಮ್ಮ ಕಡೆ ನಾ ಬ್ಯಾರೆ ಯಾರ ಹತ್ರಾನೂ ನೋಡಿಲ್ಲ. ಪ್ರೆಸೆನ್ಸ್ (ಪವರ್ ಆಂಪಿನ ಟ್ರೆಬಲ್ ಕಂಟ್ರೋಲ್) ಶೂನ್ಯಕ್ಕ ಇಳಿಸಿದ್ರ ಬರೋ ಡಾರ್ಕ್ ಬ್ಯಾರೆ, ಇದು ಬ್ಯಾರೆ, ಇದರೊಳಗ ಫಿಜ್ (ಮ್ಯಾಲಿನ ಚರಚರ) ಸತ್ತು ಗಂಟಲು ಉಳೀತೈತಿ. ಟೋನ್ ಸ್ಟ್ಯಾಕಿನ್ಯಾಗ ಇನ್ನೊಂದು ಸಣ್ಣ ಬದಲಾವಣೆ ಐತಿ, ಅದನ್ನ ನಾ ಹೇಳಂಗಿಲ್ಲ, ಬಿಚ್ಚಿ ನೋಡಿದವರಿಗೂ ಕಾಣಂಗಿಲ್ಲ.

ಬಯಾಸ್ 36 ಮಿಲಿ ಆಂಪ್ ಸುತ್ತಮುತ್ತ ಇಟ್ಟೀನಿ. ಇಎಲ್34 ದ ಪ್ಲೇಟ್ 25 ವ್ಯಾಟ್ ತಡೀತೈತಿ, 70 ಪರ್ಸೆಂಟ್ ಲೆಕ್ಕ ಹಿಡದ್ರ 40 ತನಕ ಒಯ್ಯಬಹುದು, ಆದ್ರ ನಮ್ಮ ಕಡೆ ರಾತ್ರಿ ಕರೆಂಟ್ 250 ವೋಲ್ಟ್ ತನಕ ಏರತೈತಿ, ಆವಾಗ 430 ಇದ್ದದ್ದು 465 ಸಮೀಪ ಹೋಗತೈತಿ. ಹಗಲಿಗೆ ಬಯಾಸ್ ಮಾಡಿ ರಾತ್ರಿ ಶೋ ಬಾರಿಸೋರು ಇದನ್ನ ನೆಪ್ಪಿಡ್ರಿ.

ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ವಿಷಯಕ್ಕ ಬರ್ತೀನಿ, ರೊಕ್ಕ ಮತ್ತ ತ್ರಾಸ ಎರಡೂ ಇಲ್ಲೇ ಹೆಚ್ಚು. ಹೊರದೇಶದ್ದು ತರಸಿದ್ರ ಕಸ್ಟಮ್ಸ್ ಹಿಡದು 12-13 ಸಾವಿರ ಆಗತಿತ್ತು. ನಮ್ಮೂರ ಕಾರ್ಖಾನಿ ಏರಿಯಾ ಉದ್ಯಮಬಾಗದಾಗ ಮೋಟಾರ್ ರಿವೈಂಡಿಂಗ್ ಮಾಡೋ ಒಬ್ಬ ಕಾಕಾ ಅದಾರ, ಅವರ ಹತ್ರ ಹೋದೆ. ಮೊದಲ ಸುತ್ತಿದ್ದು ಸ್ಟೆಬಿಲೈಜರಿಗೆ ಸುತ್ತೋ ಪದ್ಧತಿ, ಪೂರಾ ಪ್ರೈಮರಿ ಒಳಗ, ಸೆಕೆಂಡರಿ ಮ್ಯಾಲ. ಫೀಡ್‌ಬ್ಯಾಕ್ ಹಚ್ಚಿದ ಕೂಡಲೇ ಆಂಪ್ ಕಿರಚಾಕ ಹತ್ತಿತು, ಪ್ಲೇಟ್ ವಾಯರ್ ಅದಲಿ ಬದಲಿ ಮಾಡಿದ್ರೂ ನಿಲ್ಲಲಿಲ್ಲ, ಲೀಕೇಜ್ ಇಂಡಕ್ಟನ್ಸ್ (ಪ್ರೈಮರಿ ಸೆಕೆಂಡರಿ ಪೂರಾ ಜೋಡಿ ಆಗದ ಭಾಗ) ಅಷ್ಟಿತ್ತು. ಆ ತಾಮ್ರ ಹೋತು. "ಕಾಕಾ, ಪ್ರೈಮರಿ ಸೆಕೆಂಡರಿ ತುಂಡು ತುಂಡು ಮಾಡಿ ನಡುನಡುವ ಹಾಕ್ರಿ" ಅಂದೆ, "ಏ ತಮ್ಮಾ, ಇಷ್ಟ ಉಸಾಬರಿ ಯಾಕ, 50 ವ್ಯಾಟಿಗೆ ಇದ ಸಾಕಲ್ಲ" ಅಂದ್ರು. ಕೂಡ ಕುಂತು ಸುತ್ತಿಸಿದೆ. ಪ್ಲೇಟ್ ಟು ಪ್ಲೇಟ್ 3.4ಕೆ, ಸೆಕೆಂಡರಿ 4, 8, 16, ಸಿಆರ್‌ಜಿಒ (ಟ್ರಾನ್ಸ್‌ಫಾರ್ಮರ್ ಸ್ಟೀಲ್) ಸ್ಟ್ಯಾಂಪಿಂಗ್, ಕೋರ್ ಬೇಕಾಗಿದ್ದಕ್ಕಿಂತ ಒಂದು ಸೈಜ್ ದೊಡ್ಡದು. ದೊಡ್ಡ ಕೋರ್ ಹಾಕಿದ್ರಿಂದ 65 ಹರ್ಟ್ಸ್ ತನಕ ಜೋರಾಗಿ ಹೊಡದ್ರೂ ಸ್ಯಾಚುರೇಟ್ ಆಗಂಗಿಲ್ಲ. ಯಾವ ಲೇಯರ್ ಯಾವ ಕ್ರಮದಾಗ ಅನ್ನೋದು ನಾನೂ ಕಾಕಾನೂ ಇಬ್ಬರ ನಡುವ ಇರಲಿ. ಎರಡೂ ಸಲದ್ದು ಕೂಡಿ ಐದು ಸಾವಿರದ ಒಳಗ ಆತು.

ಸ್ಪೀಕರ್ ಬಾಕ್ಸ್ ಮಾಡಿದ್ದು ಗಣಪತಿಗೆ ಡಿಜೆ ಬಾಕ್ಸ್ ಮಾಡೋ ಮಿಸ್ತ್ರಿ. ಹಿಂದ ಪೂರಾ ಬಂದ್, ಪೋರ್ಟ್ ಇಲ್ಲ ಅಂದಾಗ "ಹೋಲ್ ಇಲ್ಲದ ಬಾಕ್ಸ್‌ನ್ಯಾಗ ಬೇಸ್ ಎಲ್ಲಿಂದ ಬರಬೇಕೋ ತಮ್ಮಾ" ಅಂದ್ರು. 18 ಎಂಎಂ ಪ್ಲೈ, ಎರಡು 12 ಇಂಚ್, ಎಲ್ಲಾ ಜಾಯಿಂಟಿಗೆ ಅಂಟು ಹಚ್ಚಿ ಸ್ಕ್ರೂ. ಒಳಗ ಮೊದಲ ಲೋಕಲ್ ಪಿಎ ಸ್ಪೀಕರ್ ಹಾಕಿ ನೋಡಿದೆ, ಅದು ಗಿಟಾರ್ ಸ್ಪೀಕರ್ ಗತೆ 5 ಕಿಲೋ ಹರ್ಟ್ಸ್ ಸುತ್ತ ಇಳಿಯಂಗಿಲ್ಲ, ಎಷ್ಟ ಕಟ್ ಮಾಡಿದ್ರೂ ಚರಚರ ಬಂತು. ಆಮ್ಯಾಲ ಗೋವಾದಿಂದ ಸೆಕೆಂಡ್ ಹ್ಯಾಂಡ್ ಸೆಲೆಸ್ಚನ್ ವಿಂಟೇಜ್ 30 ಒಂದು, ಜೋಡಿಗೆ ಕ್ರೀಮ್‌ಬ್ಯಾಕ್ ಜಿ12ಎಚ್ ಹೊಸದು ಒಂದು. ಬರೇ ವಿಂಟೇಜ್ 30 ಇದ್ರ ಅಪ್ಪರ್ ಮಿಡ್ ಚುಚ್ಚತೈತಿ, ಕ್ರೀಮ್‌ಬ್ಯಾಕ್ ಅದನ್ನ ಮುಚ್ಚತೈತಿ. ಎರಡೂ 16 ಓಮ್, ಪ್ಯಾರಲಲ್ 8.

ನಡುವ ಒಂದು ಹುಚ್ಚು ಹತ್ತಿತ್ತು, ಹಳೇ ಟ್ರಾನ್ಸಿಸ್ಟರ್ ರೇಡಿಯೋದಾಗಿನ ಎಸಿ128 ಜರ್ಮೇನಿಯಂ ಟ್ರಾನ್ಸಿಸ್ಟರ್ ತಗದು ಟ್ರೆಬಲ್ ಬೂಸ್ಟರ್ ಕಟ್ಟಿದೆ. ಜನವರಿ ಥಂಡಿಯೊಳಗ ಅದರ ಸಪ್ಪಳಕ್ಕ ಬ್ಯಾರೆ ಸಾಟಿ ಇಲ್ಲ, ಏಪ್ರಿಲ್ ಬಿಸಲಿಗೆ ಲೀಕೇಜ್ ಏರಿ ಬಯಾಸ್ ಜಾರಿ ಗುಗ್ಗರಸಾಕ ಹತ್ತಿತು. ಕಲೆಕ್ಟರಿಗೆ ಟ್ರಿಮ್ ಪಾಟ್ ಹಾಕೀನಿ, ಸೀಜನ್ ಬದಲಾದಾಗ ತಿರುವೋದು. ಇನ್ನೊಂದು, ಬೋರ್ಡ್ ಹೈಲಂ (ಬೇಕಲೈಟ್ ಗತೆ) ಶೀಟಿಂದು ಇದ್ದಾಗ ನಮ್ಮ ಮಳಿಗಾಲದಾಗ ತೇವ ಹಿಡದು ಪಟಪಟ ಸಪ್ಪಳ ಬರತಿತ್ತು, ಹೇರ್ ಡ್ರೈಯರ್ ಹಿಡದ್ರ ನಿಲ್ಲತಿತ್ತು. ಗ್ಲಾಸ್ ಇಪಾಕ್ಸಿ ಶೀಟಿಗೆ ಬದಲಿ ಮಾಡಿದಮ್ಯಾಲ ಆ ಕಾಟ ಮುಗೀತು.

ಒಟ್ಟು ಖರ್ಚು, ಕೆಟ್ಟು ಹೋದದ್ದು ಹಿಡದು, 60 ಸಾವಿರದ ಸಮೀಪ ಐತಿ. ಇಎಲ್34 ಜೋಡಿ ಆರು ಸಾವಿರ, ಸ್ಪೀಕರ್ ಎರಡೂ ಕೂಡಿ 23-24, ಉಳಿದದ್ದು ಪವರ್ ಟ್ರಾನ್ಸ್‌ಫಾರ್ಮರ್, ಚೋಕ್, ಷಾಸಿ, ಬಾಕ್ಸ್, ಮುಂಬೈಯ ಲ್ಯಾಮಿಂಗ್ಟನ್ ರೋಡ್‌ನಿಂದ ತಂದ ಚಿಲ್ಲರ ಸಾಮಾನ. ಈ ರೊಕ್ಕಕ್ಕ ಇಂಥಾ ಟೋನ್ ಅಂಗಡಿಯೊಳಗ ಸಿಗಂಗಿಲ್ಲ, ಇದನ್ನ ನಾ ಎದಿ ತಟ್ಟಿ ಹೇಳತೀನಿ. ಡಿಪ್ತ್ ಅರ್ಧಕ್ಕ, ಕಟ್ ಮುಕ್ಕಾಲು, ಬೇಸ್ 4, ಮಿಡ್ 7, ಟ್ರೆಬಲ್ 5, ಪ್ರಿಆಂಪ್ 6, ಇಷ್ಟಕ್ಕ ಇಟ್ಟು ಬಾರಿಸಿ ನೋಡ್ರಿ. ಮಾಸ್ಟರ್ 3 ದಾಟಿದಮ್ಯಾಲ ಟ್ರಾನ್ಸ್‌ಫಾರ್ಮರ್ ಕೆಲಸ ಕೇಳತೈತಿ. ಈಗ ಎರಡು ಇಎಲ್84 ದ ಸಣ್ಣ ಹೆಡ್ಡಿಗೆ ಇದೇ ಪದ್ಧತಿ ಹಚ್ಚಬೇಕಂತ 8ಕೆ ಟ್ರಾನ್ಸ್‌ಫಾರ್ಮರ್ ಸುತ್ತಾಕ ಕಾಕಾಗ ಕೊಟ್ಟೀನಿ, ಈ ಸಲ ಅವರ ಕೇಳಿದ್ರು, ಲೇಯರ್ ಹೋದ ಸಲದ್ದ ಹಾಕಲೇನು ಅಂತ.