ಮಜ್ಜಿಗೆ ಹುಲ್ಲಿನ ಎಣ್ಣೆ: ಸಣ್ಣ ಭಟ್ಟಿ ಹೂಡುವುದು ಹೇಗೆ?

ಮಲೆನಾಡಿನ ಮನೆಗಳಲ್ಲಿ ಮಜ್ಜಿಗೆ ಹುಲ್ಲು ಹಿತ್ತಿಲ ಗಿಡ. ಮಳೆಗಾಲದ ಕಷಾಯಕ್ಕೆ ನಾಲ್ಕು ಎಸಳು ಕಿತ್ತು ಕುದಿಸಿದರೆ ಮನೆಯೆಲ್ಲ ನಿಂಬೆಯ ಪರಿಮಳ ಹರಡುತ್ತದೆ. ಇದೇ ಹುಲ್ಲನ್ನು ಈಗ ಕಾಡುಹಂದಿ, ಮಂಗಗಳ ಕಾಟಕ್ಕೆ ಬೇಸತ್ತ ರೈತರು ಗುಡ್ಡದ ಬೋಳು ಜಾಗದಲ್ಲಿ ಎಕರೆ ಲೆಕ್ಕದಲ್ಲಿ ನೆಡುತ್ತಿದ್ದಾರೆ. ಆದರೆ ಹಸಿ ಹುಲ್ಲನ್ನು ಕೊಳ್ಳುವ ವ್ಯಾಪಾರಿ ಸಿಗುವುದು ಕಷ್ಟ. ಮಾರುಕಟ್ಟೆ ಇರುವುದು ಎಣ್ಣೆಗೆ. ಆದ್ದರಿಂದ ಹುಲ್ಲು ನೆಟ್ಟವರೆಲ್ಲ ಒಂದಲ್ಲ ಒಂದು ದಿನ ಭಟ್ಟಿಯ ವಿಷಯ ವಿಚಾರಿಸಲೇಬೇಕಾಗುತ್ತದೆ. ಅಂಥವರಿಗಾಗಿ ಭಟ್ಟಿಯ ಸಲಕರಣೆ, ಸುರಕ್ಷತೆ ಮತ್ತು ಪರವಾನಗಿಗಳ ವಿವರವನ್ನು ಇಲ್ಲಿ ಕೊಡಲಾಗಿದೆ.

ಮೊದಲಿಗೆ ಒಂದು ಗಡಿಯನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಎಲೆ, ಬೇರು, ಹೂವುಗಳಿಂದ ಹಬೆಯ ಮೂಲಕ ಎಣ್ಣೆ ತೆಗೆಯುವುದಕ್ಕೆ ಅಬಕಾರಿ ಇಲಾಖೆಯ ಪರವಾನಗಿ ಬೇಕಿಲ್ಲ, ಏಕೆಂದರೆ ಇದರಲ್ಲಿ ಮದ್ಯಸಾರ ಹುಟ್ಟುವುದಿಲ್ಲ. ಆದರೆ ಅದೇ ಹಂಡೆಯಲ್ಲಿ ಹುಳಿ ಬಂದ ಬೆಲ್ಲದ ನೀರನ್ನೋ ಗೇರುಹಣ್ಣಿನ ರಸವನ್ನೋ ಪರವಾನಗಿಯಿಲ್ಲದೆ ಇಳಿಸಿದರೆ ಅದು 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಅಪರಾಧ. ಆ ಉದ್ದೇಶಕ್ಕೆಂದು ಸಲಕರಣೆ ಇಟ್ಟುಕೊಳ್ಳುವುದೂ ಅಪರಾಧವೇ. ಗೋವಾದವರು ಗೇರಿನ ಫೆನಿ ಇಳಿಸುತ್ತಾರಲ್ಲ ಎಂದು ಉತ್ತರ ಕನ್ನಡದ ಗೇರು ಬೆಳೆಗಾರರು ಕೇಳುವುದುಂಟು. 2009ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಆ ಫೆನಿಯೂ ಅಲ್ಲಿನ ಅಬಕಾರಿ ಪರವಾನಗಿಯಡಿಯಲ್ಲೇ ತಯಾರಾಗುತ್ತದೆ. 1981ರಲ್ಲಿ ಬೆಂಗಳೂರಿನಲ್ಲಿ ಮೆಥನಾಲ್ ಎಂಬ ವಿಷದ ಸ್ಪಿರಿಟ್ ಬೆರೆತ ಸಾರಾಯಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತದ್ದನ್ನು ಕಂಡ ರಾಜ್ಯ ನಮ್ಮದು. ಈ ವಿಷಯದಲ್ಲಿ ಸಡಿಲಿಕೆಯನ್ನು ಯಾರೂ ನಿರೀಕ್ಷಿಸಬಾರದು.

ಬೆಳೆ ನೋಡಿ ಹಂಡೆ

ಹಂಡೆಗೆ ಮುಂಗಡ ಕೊಡುವ ಮುಂಚೆ ಯಾವ ಗಿಡದ ಎಣ್ಣೆ ತೆಗೆಯುತ್ತೀರಿ ಎಂಬುದನ್ನು ನಿರ್ಧರಿಸಿಕೊಳ್ಳಿ. ಮಜ್ಜಿಗೆ ಹುಲ್ಲಿನ ಒಂದು ಭಟ್ಟಿ ಎರಡರಿಂದ ಮೂರು ಗಂಟೆಗಳಲ್ಲಿ ಮುಗಿಯುತ್ತದೆ. ಲಾವಂಚದ ಬೇರು ಹಾಗಲ್ಲ. ಅದರ ಎಣ್ಣೆ ಪೂರ್ತಿ ಬಿಡಲು ಹಗಲು ರಾತ್ರಿ ಉರಿ ಹಾಕಬೇಕು, ಅಷ್ಟು ಹೊತ್ತು ಕಾಯುವವರು ಬೇಕು. ದಾಲ್ಚಿನ್ನಿ ಎಲೆಯ ಎಣ್ಣೆ ನೀರಿಗಿಂತ ಭಾರವಾದ್ದರಿಂದ ತಳಕ್ಕೆ ಇಳಿಯುತ್ತದೆ, ಮಜ್ಜಿಗೆ ಹುಲ್ಲಿನ ಎಣ್ಣೆ ಮೇಲೆ ತೇಲುತ್ತದೆ. ಆದ್ದರಿಂದ ಒಂದಕ್ಕೆ ಮಾಡಿಸಿದ ಎಣ್ಣೆ ಬೇರ್ಪಡಿಸುವ ಪಾತ್ರೆ ಇನ್ನೊಂದಕ್ಕೆ ಒದಗುವುದಿಲ್ಲ. ಅಲ್ಲದೆ ದಾಲ್ಚಿನ್ನಿ ಎಲೆಯ ಎಣ್ಣೆಯಲ್ಲಿರುವ ಯೂಜಿನಾಲ್ ಕಬ್ಬಿಣ ತಾಗಿದರೆ ಕಪ್ಪಾಗುತ್ತದೆ. ಅಗ್ಗವೆಂದು ಸಾದಾ ಕಬ್ಬಿಣದ ಹಂಡೆ ತಂದವರು ಎಣ್ಣೆಯ ಬಣ್ಣದಲ್ಲೇ ದರ ಕಳೆದುಕೊಳ್ಳುತ್ತಾರೆ. ಎರಡು ಮೂರು ಬೆಳೆಗಳಿಗೆ ಒಂದೇ ಹಂಡೆ ಬೇಕೆನ್ನುವವರು 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನದನ್ನೇ ಮಾಡಿಸುವುದು ಒಳ್ಳೆಯದು.

ಇಳುವರಿಯ ಬಗ್ಗೆ ಅತಿಯಾದ ಆಸೆ ಬೇಡ. ಮಜ್ಜಿಗೆ ಹುಲ್ಲಿನಲ್ಲಿ ನೂರು ಕಿಲೋಗೆ ಸುಮಾರು ಅರ್ಧ ಕಿಲೋ ಎಣ್ಣೆ ಸಿಗುತ್ತದೆ. ತಳಿ, ಋತು, ಕೊಯ್ಲಿನ ವಯಸ್ಸಿಗೆ ತಕ್ಕಂತೆ ಸ್ವಲ್ಪ ಹೆಚ್ಚು ಕಡಿಮೆ ಆದೀತು. 500 ಕಿಲೋ ಹಿಡಿಯುವ ಹಂಡೆಯಿಂದ ಒಂದು ಸಲಕ್ಕೆ ಎರಡೂವರೆ ಕಿಲೋ ಎಣ್ಣೆ ಎಂದು ಲೆಕ್ಕ ಹಾಕಿಕೊಂಡು, ನಿಮ್ಮ ಹುಲ್ಲು ವರ್ಷಕ್ಕೆ ಎಷ್ಟು ಭಟ್ಟಿಗೆ ಸಾಲುತ್ತದೆ ಎಂಬುದನ್ನು ಮೊದಲೇ ನೋಡಿ. ಎರಡು ಎಕರೆಯವರು ಸ್ವಂತ ಹಂಡೆ ಹೂಡುವುದಕ್ಕಿಂತ ನೆರೆಯ ನಾಲ್ಕು ಜನ ಸೇರಿ ಒಂದನ್ನು ಹೂಡುವುದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ನಾಟಿ ಸಸಿ ಮತ್ತು ಭಟ್ಟಿಯ ತಾಂತ್ರಿಕ ಸಲಹೆಗೆ ಔಷಧೀಯ ಮತ್ತು ಸುಗಂಧ ಸಸ್ಯಗಳಿಗೆಂದೇ ಇರುವ ಕೇಂದ್ರ ಸರ್ಕಾರದ ಸಿಮ್ಯಾಪ್ ಸಂಸ್ಥೆಯ ಸಂಶೋಧನಾ ಕೇಂದ್ರ ಬೆಂಗಳೂರಿನಲ್ಲೇ ಇದೆ.

ಹಬೆಗೆ ದಾರಿ

ಹೊಲದಲ್ಲಿ ಹೂಡುವ ಸಾದಾ ಘಟಕದಲ್ಲಿ ಐದು ಭಾಗಗಳಿರುತ್ತವೆ: ಒಲೆ, ಹಂಡೆ, ಮುಚ್ಚಳದಿಂದ ಹೊರಡುವ ಹಬೆ ಕೊಳವೆ, ಹಬೆಯನ್ನು ತಣಿಸುವ ಕಂಡೆನ್ಸರ್, ಎಣ್ಣೆ ಬೇರ್ಪಡಿಸುವ ಪಾತ್ರೆ. ಹಂಡೆಯ ತಳದಲ್ಲಿ ನೀರು, ಅದರ ಮೇಲೆ ತೂತಿನ ತಟ್ಟೆ, ತಟ್ಟೆಯ ಮೇಲೆ ಹುಲ್ಲು. ಮಜ್ಜಿಗೆ ಹುಲ್ಲಿನ ಪರಿಮಳಕ್ಕೆ ಕಾರಣವಾದ ಸಿಟ್ರಾಲ್ ತಾನೊಂದೇ ಕುದಿಯಬೇಕಾದರೆ 229 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಅಷ್ಟು ಕಾಯಿಸಿದರೆ ಎಣ್ಣೆ ಕೆಟ್ಟೇ ಹೋಗುತ್ತದೆ. ನೀರಿನ ಹಬೆಯ ಜೊತೆ ಸೇರಿದಾಗ ಎರಡರ ಆವಿಯ ಒತ್ತಡ ಕೂಡಿಕೊಳ್ಳುವುದರಿಂದ 100 ಡಿಗ್ರಿಗೂ ತುಸು ಕೆಳಗೇ ಅದು ಹಬೆಯೊಂದಿಗೆ ಎದ್ದು ಬರುತ್ತದೆ. ಅಂದರೆ ಈ ಕೆಲಸಕ್ಕೆ ಒತ್ತಡ ಬೇಕಾಗಿಯೇ ಇಲ್ಲ. ಹಂಡೆಯೊಳಗೆ ಒತ್ತಡ ಏರಿದೆ ಎಂದರೆ ಹಬೆಯ ದಾರಿಯಲ್ಲಿ ಎಲ್ಲೋ ಏನೋ ಸಿಕ್ಕಿಕೊಂಡಿದೆ ಎಂದೇ ಅರ್ಥ.

ಇದನ್ನು ಅಂಕಿಯಲ್ಲಿ ನೋಡಿದರೆ ಗಾಂಭೀರ್ಯ ತಿಳಿಯುತ್ತದೆ. ಒಂದು ಮೀಟರ್ ಅಗಲದ ದುಂಡು ಮುಚ್ಚಳದ ವಿಸ್ತೀರ್ಣ ಸುಮಾರು 7,850 ಚದರ ಸೆಂಟಿಮೀಟರ್. ಹಂಡೆಯೊಳಗೆ ಚದರ ಸೆಂಟಿಮೀಟರಿಗೆ ಕೇವಲ ನೂರು ಗ್ರಾಂ ಒತ್ತಡ ಏರಿದರೂ ಮುಚ್ಚಳವನ್ನು 785 ಕಿಲೋ ಬಲ ಮೇಲಕ್ಕೆ ತಳ್ಳುತ್ತಿರುತ್ತದೆ. ಒಂದು ಕಿಲೋಗೆ ಏರಿದರೆ ಅದು ಎಂಟು ಟನ್ನಿನ ಸಮೀಪ. ತೆಳುವಾದ ತಗಡಿನ ಹಂಡೆ ಇದನ್ನು ತಾಳಲಾರದು.

ಆದ್ದರಿಂದ ನೀರುಬೀಗದ ಮುಚ್ಚಳವಿರುವ ಹಂಡೆಯೇ ಸಣ್ಣ ರೈತರಿಗೆ ಸೂಕ್ತ. ಹಂಡೆಯ ಬಾಯಿಯ ಸುತ್ತ ಕಾಲುವೆಯಂತಹ ಒಂದು ತೋಡು, ಅದರಲ್ಲಿ ನೀರು, ಆ ನೀರಿನೊಳಗೆ ಮುಚ್ಚಳದ ಅಂಚು ಮುಳುಗಿ ಕೂರುತ್ತದೆ. ಹತ್ತು ಸೆಂಟಿಮೀಟರ್ ನೀರು ತಡೆಯಬಲ್ಲದ್ದು ಚದರ ಸೆಂಟಿಮೀಟರಿಗೆ ಹತ್ತು ಗ್ರಾಂ ಒತ್ತಡವನ್ನು ಮಾತ್ರ. ದಾರಿ ಕಟ್ಟಿಕೊಂಡ ಕೂಡಲೇ ಹಬೆ ಆ ನೀರನ್ನು ಬುಳುಬುಳು ಎನ್ನಿಸಿ ಹೊರಬರುತ್ತದೆ. ಯಾವ ವಾಲ್ವೂ ಇಷ್ಟು ಪ್ರಾಮಾಣಿಕವಾಗಿ ಎಚ್ಚರಿಸಲಾರದು. ಉತ್ತರ ಪ್ರದೇಶದ ಕನೌಜಿನ ಅತ್ತರು ತಯಾರಕರು ತಾಮ್ರದ ಹಂಡೆಯ ಬಾಯಿಗೆ ಮಣ್ಣು ಮೆತ್ತುವುದರಲ್ಲೂ ಈ ಅನುಕೂಲವಿದೆ: ಒತ್ತಡ ಏರಿದರೆ ಮೊದಲು ಸೋಲುವುದು ಮಣ್ಣು, ಹಂಡೆಯಲ್ಲ. ಬೋಲ್ಟು ಬಿಗಿಯುವ ಮುಚ್ಚಳವೇ ಬೇಕೆಂದರೆ ಸುರಕ್ಷತಾ ವಾಲ್ವು, ಒತ್ತಡ ತೋರಿಸುವ ಗೇಜು ಎರಡೂ ಇರಲೇಬೇಕು. ಯಾವ ಮುಚ್ಚಳವಿದ್ದರೂ ಹಬೆ ಕೊಳವೆಯಿಂದ ಎಣ್ಣೆ ಪಾತ್ರೆಯವರೆಗಿನ ದಾರಿಯಲ್ಲಿ ಮುಚ್ಚಬಹುದಾದ ವಾಲ್ವನ್ನು ಎಲ್ಲಿಯೂ ಇಡಬಾರದು.

ಜೋಡಣೆಯ ಸಂದಿಯಲ್ಲಿ ಹಬೆ ಸೋರದಂತೆ ಇಡುವ ಗ್ಯಾಸ್ಕೆಟ್ಟಿನ ಬಗ್ಗೆ ಒಂದು ಅನುಭವವನ್ನು ಹೇಳಲೇಬೇಕು. ನಮ್ಮ ಮೊದಲ ಹಂಡೆಯ ಕೊಳವೆಯ ಜೋಡಣೆಗೆ ಅದನ್ನು ಮಾಡಿಕೊಟ್ಟ ವರ್ಕ್‌ಶಾಪಿನವರು ಸೈಕಲ್ ಟ್ಯೂಬಿನಂತಹ ಕರಿ ರಬ್ಬರು ಹಾಕಿದ್ದರು. ಮೂರನೆಯ ಭಟ್ಟಿಯ ಹೊತ್ತಿಗೆ ಅದು ಹಲಸಿನ ಮೇಣದಂತೆ ಬೆರಳಿಗೆ ಅಂಟತೊಡಗಿತು. ತಿಳಿ ಹಳದಿಯಾಗಿ ಬರಬೇಕಾದ ಎಣ್ಣೆ ಚಹಾದ ಬಣ್ಣಕ್ಕೆ ತಿರುಗಿ, ಅದರಲ್ಲಿ ಸುಟ್ಟ ಟಯರಿನ ವಾಸನೆ ಸೇರಿತು; ಕೊಳ್ಳುವವರು ಮೂಸಿ ನೋಡಿ ಡಬ್ಬಿಯನ್ನು ಹಿಂದಕ್ಕೆ ಸರಿಸಿದರು. ಸುಗಂಧದ ಎಣ್ಣೆ ರಬ್ಬರನ್ನು ಕರಗಿಸುತ್ತದೆ ಎಂಬುದನ್ನು ನಾನು ಕಲಿತದ್ದು ಹೀಗೆ. ಟೆಫ್ಲಾನ್ ಗ್ಯಾಸ್ಕೆಟ್ ದುಬಾರಿಯಾದರೂ ಅದನ್ನೇ ಕೇಳಿ ಹಾಕಿಸಿಕೊಳ್ಳಿ.

ತಣಿಸುವ ನೀರು

ಹೊಸಬರು ತಪ್ಪುವುದು ಹೆಚ್ಚಾಗಿ ಇಲ್ಲಿ. ಒಂದು ಲೀಟರ್ ನೀರಾಗುವಷ್ಟು ಹಬೆಯನ್ನು ತಣಿಸಿ 40 ಡಿಗ್ರಿಗೆ ಇಳಿಸಲು ಸುಮಾರು 600 ಕಿಲೋಕ್ಯಾಲೊರಿ ಶಾಖವನ್ನು ಹೊರತೆಗೆಯಬೇಕು. ಕಂಡೆನ್ಸರಿಗೆ 25 ಡಿಗ್ರಿಯಲ್ಲಿ ಹೋದ ನೀರು 50 ಡಿಗ್ರಿಯಲ್ಲಿ ಹೊರಬರುವಂತಿದ್ದರೆ ಅದಕ್ಕೆ 24 ಲೀಟರ್ ನೀರು ಹರಿಯಬೇಕು. ಗಂಟೆಗೆ 40 ಲೀಟರ್ ಇಳಿಸುವ ಘಟಕಕ್ಕೆ ಗಂಟೆಗೆ ಸಾವಿರ ಲೀಟರ್ ಎಂದಾಯಿತು. ಬೇಸಿಗೆಯಲ್ಲಿ ಬಾವಿ ತಳ ಕಾಣುವ ಊರುಗಳಲ್ಲಿ ಈ ನೀರನ್ನು ಚೆಲ್ಲಿಬಿಡುವಂತಿಲ್ಲ. ದೊಡ್ಡ ತೊಟ್ಟಿ ಕಟ್ಟಿಸಿ, ಬಿಸಿಯಾದ ನೀರು ಅದರಲ್ಲಿ ಆರಿದ ಮೇಲೆ ಮತ್ತೆ ಬಳಸುವ ವ್ಯವಸ್ಥೆ ಬೇಕು. ಪಂಪು ವಿದ್ಯುತ್ತನ್ನೇ ನಂಬಿಕೊಂಡಿದ್ದರೆ, ಕರೆಂಟು ಹೋದಾಗಲೂ ಸ್ವಲ್ಪ ಹೊತ್ತು ತಾನಾಗಿ ಹರಿಯುವಂತೆ ಎತ್ತರದಲ್ಲಿ ಒಂದು ಟ್ಯಾಂಕ್ ಇರಲಿ. ನೀರು ನಿಂತರೆ ಎಣ್ಣೆಯ ಆವಿ ತಣಿಯದೆ ಕೊಳವೆಯ ತುದಿಯಿಂದ ಹೊರಬರುತ್ತದೆ. ಎಣ್ಣೆ ನಷ್ಟವಾಗುವುದಷ್ಟೇ ಅಲ್ಲ, ಪಕ್ಕದಲ್ಲೇ ಒಲೆ ಇದ್ದರೆ ಆವಿಗೆ ಬೆಂಕಿ ಹತ್ತುತ್ತದೆ. ಒಲೆಯ ಬಾಯಿ ಒಂದು ಕಡೆಗೆ, ಎಣ್ಣೆ ಹಿಡಿಯುವ ಪಾತ್ರೆ ಇನ್ನೊಂದು ಕಡೆಗೆ, ನಡುವೆ ಒಂದು ಗೋಡೆ ಇರುವಂತೆ ಶೆಡ್ಡು ಕಟ್ಟಿಸುವುದು ಇದಕ್ಕಾಗಿಯೇ.

ಭಟ್ಟಿ ಹಾಕುವ ದಿನ

ಇಬ್ಬನಿ ಆರಿದ ಮೇಲೆ ಹುಲ್ಲು ಕೊಯ್ದು, ಒಂದು ದಿನ ನೆರಳಿನಲ್ಲಿ ಬಾಡಿಸಿ. ಬಾಡಿದ ಹುಲ್ಲು ಹಂಡೆಯಲ್ಲಿ ಹೆಚ್ಚು ಹಿಡಿಯುತ್ತದೆ, ಸೌದೆ ಉಳಿಯುತ್ತದೆ. ರಾಶಿ ಹಾಕಿ ಬಿಟ್ಟರೆ ಮಾತ್ರ ಒಳಗೆ ಬಿಸಿಯೇರಿ ಬೂಸಲು ಬರುತ್ತದೆ. ಹಂಡೆಗೆ ತುಂಬುವಾಗ ಎಲ್ಲ ಕಡೆ ಸಮನಾಗಿ ತುಳಿದು ತುಂಬಬೇಕು. ಸಡಿಲಾದ ಕಡೆಯಿಂದಲೇ ಹಬೆ ನುಗ್ಗಿ ಹೋದರೆ ಉಳಿದ ಹುಲ್ಲಿನ ಎಣ್ಣೆ ಅಲ್ಲೇ ಉಳಿಯುತ್ತದೆ. ಕೊಳವೆಯ ಬಾಯಿಗೆ ಒಂದು ಅಡಿ ಜಾಗ ಬಿಡಿ, ಬಾಯಿಗೆ ಜಾಳಿಗೆ ಕಟ್ಟಿ. ಸಣ್ಣಗೆ ಕತ್ತರಿಸಿದ ಹುಲ್ಲಿನ ಚೂರು ಹಬೆಯೊಂದಿಗೆ ಎದ್ದು ಕೊಳವೆಯಲ್ಲಿ ಸಿಕ್ಕಿಕೊಳ್ಳುವುದು ದಾರಿ ಕಟ್ಟುವುದಕ್ಕೆ ದೊಡ್ಡ ಕಾರಣ.

ಬೆಂಕಿ ಹಾಕುವ ಮುನ್ನ ಮೂರು ವಿಷಯ ನೋಡಿ: ತಳದಲ್ಲಿ ನೀರು ಸಾಕಷ್ಟಿದೆಯೇ, ಕಂಡೆನ್ಸರಿಗೆ ನೀರು ಹರಿಯುತ್ತಿದೆಯೇ, ಕೊಳವೆಯ ಒಂದು ತುದಿಯಿಂದ ಊದಿದರೆ ಗಾಳಿ ಇನ್ನೊಂದು ತುದಿಗೆ ಬರುತ್ತದೆಯೇ. ಹಂಡೆಯ ಹೊರಗೆ ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆ ಇರಲೇಬೇಕು. ನೀರು ಬತ್ತಿದರೆ ಹುಲ್ಲು ಕರಕಲಾಗಿ ಎಣ್ಣೆಗೆ ಸೀದ ವಾಸನೆ ಬರುತ್ತದೆ. ಕಾದು ಕೆಂಪಾದ ತಳಕ್ಕೆ ಗಾಬರಿಯಿಂದ ತಣ್ಣೀರು ಸುರಿದರೆ ಒಮ್ಮೆಗೇ ಹಬೆ ಚಿಮ್ಮಿ ಹತ್ತಿರವಿದ್ದವರನ್ನು ಸುಡುತ್ತದೆ, ಬೆಸುಗೆಯೂ ಬಿಡಬಹುದು. ಅಂಥ ಸಂದರ್ಭದಲ್ಲಿ ಉರಿ ಎಳೆದು ದೂರ ನಿಂತು ಕಾಯುವುದೊಂದೇ ದಾರಿ.

ಪಾತ್ರೆಗೆ ಬೀಳುವ ನೀರು ಕೈಗೆ ಉಗುರುಬೆಚ್ಚಗಿರಬೇಕು. ಎಣ್ಣೆಯ ಪದರ ದಪ್ಪವಾಗುವುದು ನಿಂತ ಮೇಲೆ ಉರಿ ಎಳೆಯಿರಿ, ಆದರೆ ಮುಚ್ಚಳಕ್ಕೆ ಕೈ ಹಾಕಬೇಡಿ. ಅರ್ಧ ಗಂಟೆಯಾದರೂ ಆರಿದ ಮೇಲೆ, ಉದ್ದ ತೋಳಿನ ಅಂಗಿ, ಕೈಗವಸು, ಕನ್ನಡಕ ಹಾಕಿಕೊಂಡು ನಿಮ್ಮಿಂದ ಆಚೆಗಿನ ಅಂಚನ್ನು ಮೊದಲು ಎತ್ತಿ ಹಬೆಯನ್ನು ಆ ಕಡೆಗೆ ಬಿಡಿ. ಅಡಿಕೆ ಬೇಯಿಸಿ ಅನುಭವವಿದ್ದವರೂ ಇಲ್ಲಿ ಮೋಸ ಹೋಗುತ್ತಾರೆ: ಅಡಿಕೆಯ ಹಂಡೆಗೆ ಮುಚ್ಚಳದ ಬಿಗಿಯಿಲ್ಲ, ಇದಕ್ಕಿದೆ.

ಬೆಂಕಿ ನಂದಿಸಲು ಒಣಪುಡಿಯ ಸಿಲಿಂಡರ್ ಮತ್ತು ಮರಳಿನ ಬಕೆಟ್ ಬಾಗಿಲ ಬಳಿಯೇ ಇರಲಿ. ಉರಿಯುವ ಎಣ್ಣೆಗೆ ನೀರು ಎರಚಬಾರದು. ನೀಲಗಿರಿ ಎಣ್ಣೆ ತೆಗೆಯುವವರು ಇನ್ನೂ ಹೆಚ್ಚಿನ ಎಚ್ಚರ ವಹಿಸಬೇಕು, ಅದರ ಆವಿ ಸುಮಾರು 48 ಡಿಗ್ರಿಯಲ್ಲೇ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಮಕ್ಕಳಿರುವ ಮನೆಗಳಲ್ಲಿ ಯಾವ ಎಣ್ಣೆಯನ್ನೂ ಕುಡಿಯುವ ನೀರಿನ ಬಾಟಲಿಯಲ್ಲಿ ಇಡಬೇಡಿ. ನೀಲಗಿರಿ ಎಣ್ಣೆ ಕೆಲವೇ ಮಿಲಿಲೀಟರ್ ಹೊಟ್ಟೆಗೆ ಹೋದರೂ ಮಗುವಿನ ಜೀವಕ್ಕೆ ಅಪಾಯ.

ಯಾವ ಕಾಗದ, ಎಲ್ಲಿ

ಪ್ರತ್ಯೇಕ ಬಾಯ್ಲರ್ ಇಟ್ಟು ಹಬೆಯನ್ನು ಹಂಡೆಗೆ ಹಾಯಿಸುವವರು ಮೊದಲು ನೋಡಬೇಕಾದದ್ದು ಬಾಯ್ಲರ್ ಕಾಯ್ದೆಯನ್ನು. 1923ರ ಹಳೆಯ ಕಾಯ್ದೆಯ ಜಾಗಕ್ಕೆ 2025ರಲ್ಲಿ ಹೊಸದು ಬಂದಿದೆ. 25 ಲೀಟರಿಗಿಂತ ಕಡಿಮೆ ಹಿಡಿಯುವ, ಅಥವಾ ವಿನ್ಯಾಸದ ಒತ್ತಡವೂ ಬಳಕೆಯ ಒತ್ತಡವೂ ಚದರ ಸೆಂಟಿಮೀಟರಿಗೆ ಒಂದು ಕಿಲೋಗಿಂತ ಕಡಿಮೆ ಇರುವ ಪಾತ್ರೆಗಳು ಅದರ ವ್ಯಾಪ್ತಿಗೆ ಬರುವುದಿಲ್ಲ. ಅದನ್ನು ಮೀರಿದರೆ ರಾಜ್ಯದ ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆಯಲ್ಲಿ ನೋಂದಣಿ, ಕಾಲಕಾಲಕ್ಕೆ ತಪಾಸಣೆ, ಅರ್ಹತಾ ಪತ್ರವಿರುವ ನಿರ್ವಾಹಕ ಎಲ್ಲವೂ ಬೇಕು. ಹಂಡೆಯ ಕೆಳಗೇ ಬೆಂಕಿ ಹಾಕುವ, ಹಬೆಯ ದಾರಿ ಸದಾ ತೆರೆದಿರುವ ಘಟಕದವರೂ ನಕ್ಷೆಯೊಂದಿಗೆ ಆ ಕಚೇರಿಗೆ ಅರ್ಜಿ ಕೊಟ್ಟು ಲಿಖಿತ ಉತ್ತರ ಪಡೆದಿಟ್ಟುಕೊಂಡರೆ ಮುಂದೆ ವಿಮೆಗೂ ಬ್ಯಾಂಕಿಗೂ ಅದು ನೆರವಾಗುತ್ತದೆ.

ಶೆಡ್ಡು ಮತ್ತು ಯಂತ್ರಕ್ಕೆ ಗ್ರಾಮ ಪಂಚಾಯಿತಿಯ ಅನುಮತಿ ಬೇಕು. ಭೂಪರಿವರ್ತನೆ ಬೇಕೇ ಎಂಬುದನ್ನು ತಹಶೀಲ್ದಾರ್ ಕಚೇರಿಯಲ್ಲಿ, ವಿಶೇಷವಾಗಿ ಬೇರೆಯವರ ಬೆಳೆಯನ್ನೂ ಇಳಿಸಿಕೊಡುವ ಯೋಚನೆ ಇದ್ದರೆ, ಮೊದಲೇ ಕೇಳಿಕೊಳ್ಳಿ. ಹೊಗೆ ಮತ್ತು ಹೊರಬಿಡುವ ನೀರಿನ ವಿಷಯ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಸೇರಿದ್ದು. ಸಣ್ಣ ಉದ್ದಿಮೆಗಳ ಉದ್ಯಮ್ ನೋಂದಣಿ ಆನ್‌ಲೈನಿನಲ್ಲಿ ಉಚಿತ. ಮಧ್ಯವರ್ತಿಗೆ ಹಣ ಕೊಡುವ ಅಗತ್ಯವಿಲ್ಲ. ಕಾಡಿನಿಂದ ತಂದ ದಾಲ್ಚಿನ್ನಿ ಎಲೆಗೆ ಅರಣ್ಯ ಇಲಾಖೆಯ ಅನುಮತಿ ಇರಬೇಕು. ಶ್ರೀಗಂಧದ ಎಣ್ಣೆಯಂತೂ ಬೇರೆಯದೇ ವಿಷಯ. ಮರ ನಿಮ್ಮದೇ ಜಮೀನಿನದ್ದಾದರೂ ಅರಣ್ಯ ಇಲಾಖೆಯನ್ನು ಕೇಳದೆ ಒಂದು ಚಕ್ಕೆಯನ್ನೂ ಹಂಡೆಗೆ ಹಾಕಬೇಡಿ.

ಎಣ್ಣೆಯನ್ನು ಡಬ್ಬಿಯ ಲೆಕ್ಕದಲ್ಲಿ ವ್ಯಾಪಾರಿಗೆ ಕೊಡುವವರೆಗೆ ಇಷ್ಟು ಸಾಕು. ಸಣ್ಣ ಸೀಸೆಗೆ ತುಂಬಿ ಮೈಗೆ ಹಚ್ಚುವ ಸೌಂದರ್ಯವರ್ಧಕವೆಂದು ಮಾರಿದರೆ 2020ರ ಸೌಂದರ್ಯವರ್ಧಕ ನಿಯಮಗಳಡಿ ತಯಾರಿಕಾ ಪರವಾನಗಿ, ಆಹಾರದ ಪರಿಮಳಕ್ಕೆಂದರೆ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ, ನೋವು ನಿವಾರಕವೆಂದರೆ ಆಯುಷ್ ಔಷಧ ಪರವಾನಗಿ ಬೇಕಾಗುತ್ತದೆ. ಎಣ್ಣೆಗೆ ಸ್ಪಿರಿಟ್ ಬೆರೆಸಿ ಸುಗಂಧ ದ್ರವ್ಯ ಮಾಡಹೊರಟರೆ ಮತ್ತೆ ಅಬಕಾರಿ ಇಲಾಖೆಯ ಬಾಗಿಲಿಗೇ ಬರಬೇಕು.

ಮಾರಾಟಕ್ಕೆ ಹೋಗುವ ಎಣ್ಣೆಯಲ್ಲಿ ನೀರಿನ ಅಂಶ ಉಳಿಯಬಾರದು. ನೀರು ಹೀರುವ ನಿರ್ಜಲ ಸೋಡಿಯಂ ಸಲ್ಫೇಟ್ ಪುಡಿ ಹಾಕಿ ಒಂದು ರಾತ್ರಿ ಬಿಟ್ಟು ಸೋಸಿದರೆ ಮಂಜು ಮಂಜಾಗಿದ್ದ ಎಣ್ಣೆ ತಿಳಿಯಾಗುತ್ತದೆ. ಅಲ್ಯೂಮಿನಿಯಂ ಡಬ್ಬಿಗೆ ಗಾಳಿ ನಿಲ್ಲದಂತೆ ಕತ್ತಿನವರೆಗೆ ತುಂಬಿ, ತಂಪಾದ ಕತ್ತಲ ಕೋಣೆಯಲ್ಲಿಡಿ. ಪ್ರತಿ ಭಟ್ಟಿಯ ದಿನಾಂಕ, ಹುಲ್ಲಿನ ತೂಕ, ಎಣ್ಣೆಯ ತೂಕವನ್ನು ಡಬ್ಬಿಯ ಮೇಲೂ ಪುಸ್ತಕದಲ್ಲೂ ಬರೆದು, ಹತ್ತು ಮಿಲಿಲೀಟರಿನ ಒಂದು ಮಾದರಿ ಸೀಸೆಯನ್ನು ನಿಮ್ಮ ಬಳಿಯೇ ಇಟ್ಟುಕೊಳ್ಳಿ. ಸಿಟ್ರಾಲ್ ಶೇಕಡ ಎಪ್ಪತ್ತೈದು ಮುಟ್ಟಿಲ್ಲವೆಂದು ವ್ಯಾಪಾರಿ ದರ ಇಳಿಸಿದಾಗ, ಅದೇ ಸೀಸೆಯನ್ನು ಪ್ರಯೋಗಾಲಯಕ್ಕೆ ಕಳಿಸಿ ವರದಿ ತರಿಸಿಕೊಳ್ಳಬಹುದು.