ಪಂಚಮಿಗೆ ಸಿಕ್ಕ ಹಳೆಯ ವಿದ್ಯಾರ್ಥಿನಿಯರು

ಕೊಪ್ಪಳ ತಾಲೂಕಿನ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ನಾನು ಸಮಾಜ ವಿಜ್ಞಾನ ಕಲಿಸುತ್ತೇನೆ. ಹಿಂದೊಮ್ಮೆ ನಡೆದ ಗುರುವಂದನೆಯ ಸ್ಮರಣ ಸಂಚಿಕೆ ನಮ್ಮ ಕಪಾಟಿನಲ್ಲಿತ್ತು. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಅದನ್ನು ತಿರುವುತ್ತ ಕೇಳಿದಳು: "ಅಕ್ಕೋರ, ಆಗ ನಮ್ಮ ಸಾಲಿಗೆ ಹೆಣ್ಣುಮಕ್ಕಳು ಬರ್ತಿದ್ದಿಲ್ಲೇನ್ರಿ?"

ಸಂಚಿಕೆಯಲ್ಲಿ ಸಾಧಕರ ಫೋಟೊಗಳಿದ್ದವು. ಎಂಜಿನಿಯರರು, ವಕೀಲರು, ಬ್ಯಾಂಕ್ ಮ್ಯಾನೇಜರರು, ಎಲ್ಲರೂ ಗಂಡಸರೇ. ಮರುದಿನ ಹಳೆಯ ದಾಖಲಾತಿ ರಿಜಿಸ್ಟರುಗಳನ್ನು ತೆಗೆಸಿದೆ. ಹೆಣ್ಣುಮಕ್ಕಳು ಬಂದಿದ್ದರು. ಪುಟಕ್ಕೆ ಮೂರ್ನಾಲ್ಕು ಹೆಸರಾದರೂ ಇದ್ದವು. ಅವರು ಆಮೇಲೆ ಏನಾದರು ಎಂದು ನಾವು ಯಾರೂ ಕೇಳಿರಲಿಲ್ಲ, ಅಷ್ಟೇ.

ಹಳೆಯ ವಿದ್ಯಾರ್ಥಿಗಳನ್ನು ಗೌರವಿಸಬೇಕೆಂದಾಗ ನಾವು ಸಾಮಾನ್ಯವಾಗಿ ಮೊದಲು ದೊಡ್ಡ ಹುದ್ದೆಯಲ್ಲಿರುವವರ ಪಟ್ಟಿ ಮಾಡುತ್ತೇವೆ. ಈ ಸಲ ಪಟ್ಟಿಯೇ ಬೇಡ, ರಿಜಿಸ್ಟರಿನ ನಂಬರ್ ಹಿಡಿದು ಹೋಗೋಣ ಎಂದು ಮುಖ್ಯ ಗುರುಗಳನ್ನು ಒಪ್ಪಿಸಿದೆ. ಒಂದು ಎಚ್ಚರಿಕೆ ಮಾತ್ರ ಮೊದಲ ದಿನವೇ ತೆಗೆದುಕೊಂಡೆವು. ರಿಜಿಸ್ಟರಿನಲ್ಲಿ ಜಾತಿಯ ಕಾಲಂ ಇರುತ್ತದೆ. ಅದರ ಫೋಟೊ ಹೊಡೆದು ವಾಟ್ಸಾಪಿಗೆ ಹಾಕಿದರೆ ಊರೆಲ್ಲ ಹರಿದಾಡುತ್ತದೆ. ಹಾಗಾಗಿ ನಂಬರ್, ಹೆಸರು, ಸೇರಿದ ವರ್ಷ ಇಷ್ಟನ್ನೇ ನಾನೇ ಕೂತು ಬೇರೆ ನೋಟ್‌ಬುಕ್ಕಿಗೆ ಇಳಿಸಿದೆ. ಮಕ್ಕಳ ಕೈಗೆ ಕೊಟ್ಟದ್ದು ಆ ನೋಟ್‌ಬುಕ್ಕನ್ನು.

ಎಲ್ಲಕ್ಕಿಂತ ಹಳೆಯ ರಿಜಿಸ್ಟರು ನಿಜಾಮರ ಕಾಲದ್ದು, ಪೂರ್ತಿ ಉರ್ದುವಿನಲ್ಲಿ. ನಮ್ಮ ಭಾಗ 1948ರ ಸೆಪ್ಟೆಂಬರ್‌ವರೆಗೆ ಹೈದರಾಬಾದ್ ಸಂಸ್ಥಾನದಲ್ಲಿತ್ತಲ್ಲ, ಶಾಲೆಯ ಲೆಕ್ಕಪತ್ರವೂ ಆ ಭಾಷೆಯಲ್ಲೇ. ಕೊಪ್ಪಳದ ನಿವೃತ್ತ ಉರ್ದು ಶಿಕ್ಷಕರೊಬ್ಬರು ನಾಲ್ಕು ಭಾನುವಾರ ಬಂದು ಓದಿಕೊಟ್ಟರು. ವರ್ಷಗಳು ನಿಜಾಮರ ಆಡಳಿತ ಬಳಸುತ್ತಿದ್ದ ಫಸಲಿ ಲೆಕ್ಕದಲ್ಲಿದ್ದವು. 1357 ಎಂದಿದ್ದರೆ ಅದಕ್ಕೆ 590 ಕೂಡಿಸಿ 1947 ಎಂದುಕೊಳ್ಳಬೇಕು. ಅದೂ ಅಕ್ಟೋಬರಿನಿಂದ ಮುಂದಿನ ವರ್ಷದ ಅಕ್ಟೋಬರಿನವರೆಗೆ. ಉರ್ದು ಬರಹದಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ, ಹಾಗಾಗಿ ಒಂದೇ ಹೆಸರನ್ನು ಎರಡು ಮೂರು ಬಗೆಯಾಗಿ ಓದಬಹುದು. ಸರ್ ಓದುತ್ತಿದ್ದರು, ಪಕ್ಕದಲ್ಲಿ ಕೂತ ಊರಿನ ಹಿರಿಯರು "ಅದು ನಮ್ಮ ದೊಡ್ಡಪ್ಪನ ಹೆಸರ್ರೀ" ಎಂದು ತಿದ್ದುತ್ತಿದ್ದರು. ಆ ನಾಲ್ಕು ಭಾನುವಾರಗಳು ನನಗೆ ಯಾವ ತರಬೇತಿಗಿಂತಲೂ ಹೆಚ್ಚು ಕಲಿಸಿವೆ.

ಹುಡುಕಾಟದಲ್ಲಿ ಗಂಡಸರು ಬೇಗ ಸಿಕ್ಕರು. ಒಂದು ಬ್ಯಾಚಿನ ಒಬ್ಬರು ಸಿಕ್ಕರೆ ಉಳಿದವರೆಲ್ಲ ಅವರ ಫೋನಿನಲ್ಲೇ ಇರುತ್ತಾರೆ. ಹೆಣ್ಣುಮಕ್ಕಳು ಹಾಗಲ್ಲ. ಮದುವೆಯಾಗಿ ಊರು ಬದಲಾಗಿದೆ, ಕೆಲವರ ಹೆಸರೂ ಬದಲಾಗಿದೆ. ಮೂರು ತಿಂಗಳು ಅಲೆದರೂ ಹತ್ತು ಜನ ಸಿಗಲಿಲ್ಲ. ನಮ್ಮ ಬಿಸಿಯೂಟದ ಅಡುಗೆಯಾಕೆ ದಾರಿ ತೋರಿಸಿದಳು: "ಪಂಚಮಿಗೆ ಎಲ್ಲಾರೂ ತವರಿಗೆ ಬರ್ತಾರಲ್ರೀ ಅಕ್ಕೋರ, ಆಗ ಹಿಡೀರಿ."

ನಾಗರ ಪಂಚಮಿಗೆ ನಮ್ಮ ಕಡೆ ಅಣ್ಣತಮ್ಮಂದಿರು ಅಕ್ಕತಂಗಿಯರನ್ನು ಕರೆತರುತ್ತಾರೆ. ಮನೆಮನೆಯಲ್ಲಿ ಉಂಡಿ, ಅಳ್ಳು, ಮರಕ್ಕೆ ಜೋಕಾಲಿ. ನಮ್ಮ ಹುಡುಗಿಯರು ಇಬ್ಬಿಬ್ಬರಾಗಿ ಮನೆಗಳಿಗೆ ಹೋದರು. "ನೀವು ಏನು ಸಾಧಿಸಿದಿರಿ" ಎಂದು ಕೇಳಲೇಬೇಡಿ ಎಂದು ಹೇಳಿ ಕಳಿಸಿದ್ದೆ. ಹಾಗೆ ಕೇಳಿದರೆ "ನಾ ಏನ್ ಮಾಡೀನವ್ವಾ, ಮನ್ಯಾಗ ಅದೀನಿ" ಎನ್ನುತ್ತಾರೆ, ಮಾತು ಅಲ್ಲಿಗೆ ಮುಗಿಯುತ್ತದೆ. ನಾವು ಬರೆದುಕೊಂಡ ಪ್ರಶ್ನೆಗಳು ಬೇರೆ: ಎಲ್ಲಿ ಕೂಡ್ತಿದ್ರಿ? ಯಾವಾಗ ಸಾಲಿ ಬಿಟ್ರಿ, ಬಿಡಿಸಿದ್ದು ಯಾರು? ಮೊದಲ ಸಲ ಕೈಗೆ ಬಂದ ದುಡ್ಡಿನಲ್ಲಿ ಏನು ಮಾಡಿದ್ರಿ? ನಿಮಗೆ ಬರುವ ಯಾವ ಕೆಲಸವನ್ನು ಊರಲ್ಲಿ ಬೇರೆಯವರು ನಿಮ್ಮಷ್ಟು ಚಂದ ಮಾಡಲಾರರು?

ಕೊನೆಯ ಪ್ರಶ್ನೆಗೆ ಬಂದ ಉತ್ತರಗಳನ್ನು ರಾತ್ರಿ ಫೋನಿನಲ್ಲಿ ಕೇಳುತ್ತ ನನ್ನ ಕಣ್ಣು ತುಂಬಿದ್ದುಂಟು. ಆರನೇ ತರಗತಿಗೆ ಶಾಲೆ ಬಿಟ್ಟವರೊಬ್ಬರು ಕಾರಟಗಿ ಕಡೆ ಭತ್ತದ ನಾಟಿಗೆ ಹೆಂಗಸರ ಗುಂಪು ಕಟ್ಟಿಕೊಂಡು ಹೋಗುತ್ತಾರೆ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟ ದಿನದಿಂದ ಯಾರ ಹೊಲ ಯಾವ ದಿನ, ಎಷ್ಟು ಆಳು ಎಂಬ ಲೆಕ್ಕ ಪೂರ್ತಿ ಅವರದೇ. ಮಗ್ಗಿ ಕಲಿಸಿದ ಮಾಸ್ತರರ ಹೆಸರನ್ನು ಇನ್ನೂ ಮರೆತಿಲ್ಲ. ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ಸಿಕ್ಕುಗಟ್ಟಿದ ತಲೆಗೂದಲು ಬಿಡಿಸುವ ಕೆಲಸ ಮಾಡುವ ಇನ್ನೊಬ್ಬರು, ಬೆರಳಲ್ಲಿ ಮುಟ್ಟಿಯೇ ಉದ್ದವನ್ನು ವಿಂಗಡಿಸಿ ತೋರಿಸಿದರು. ಡಾಕ್ಟರ್ ಆದ ಹುಡುಗಿಯೂ ಸಿಕ್ಕಳು. ಸಂವಿಧಾನದ 371ಜೆ ವಿಧಿಯಡಿ ನಮ್ಮ ಭಾಗದ ಕಾಲೇಜುಗಳಲ್ಲಿ ಶೇ. 70 ಸೀಟು ಸ್ಥಳೀಯರಿಗೆ ಮೀಸಲಾದ ಮೇಲೆ ಓದಿದವಳು. ಅವಳ ತಾಯಿಯೂ ನಮ್ಮ ರಿಜಿಸ್ಟರಿನಲ್ಲಿದ್ದಾರೆ, ಏಳನೇ ತರಗತಿಗೆ ನಿಂತಿದ್ದಾರೆ. ಇಬ್ಬರ ಹಾಳೆಗಳನ್ನೂ ಅಕ್ಕಪಕ್ಕ ಇಟ್ಟೆವು.

ಗುಳೆ ಹೋದವರು ಪಂಚಮಿಗೆ ಬರುವುದಿಲ್ಲ. ಬೆಂಗಳೂರು, ಮಂಗಳೂರು, ಗೋವಾದಲ್ಲಿ ಕಟ್ಟಡದ ಕೆಲಸದಲ್ಲಿರುವ ಅವರು ಮೊಹರಂಗೆ ಬೆಂಕಿಯ ಸುತ್ತ ಅಲಾಯಿ ಕುಣಿಯಲು, ಇಲ್ಲವೇ ಊರ ತೇರಿಗೆ ಬರುತ್ತಾರೆ. ಅವರನ್ನು ಆಗ ಮಾತಾಡಿಸಿದೆವು.

ಎಲ್ಲರಿಗೂ ಒಂದೇ ಅಳತೆಯ ಹಾಳೆ, ಅರ್ಧ ಪುಟ ಬರಹ, ಒಂದು ಫೋಟೊ. ಹಟ್ಟಿ ಚಿನ್ನದ ಗಣಿಯಲ್ಲಿ ಎಲೆಕ್ಟ್ರಿಷಿಯನ್ ಆಗಿರುವವರಿಗೂ, ಬಸ್ ಕಂಡಕ್ಟರಿಗೂ, ಇಲಾಖೆಯ ಅಧಿಕಾರಿಗೂ ಅಷ್ಟೇ. ಮೇಲೆ ಹುದ್ದೆ ಬರೆಯಲಿಲ್ಲ, ದಾಖಲಾತಿ ನಂಬರ್ ಬರೆದೆವು. ಗೋಡೆಗೆ ಅಂಟಿಸುವ ಮುಂಚೆ ಪ್ರತಿಯೊಬ್ಬರಿಗೂ ಓದಿ ಕೇಳಿಸಬೇಕೆಂದು ನಿಯಮ ಮಾಡಿದ್ದೆವು. ಒಬ್ಬರಿಗೆ ಮಾತ್ರ ಓದಿ ಹೇಳುವುದು ತಪ್ಪಿಹೋಯಿತು. ಹತ್ತನೇ ತರಗತಿ ಫೇಲಾದದ್ದನ್ನು ಅವರು ತಮ್ಮ ಮಕ್ಕಳಿಗೆ ಹೇಳಿರಲಿಲ್ಲ, ನಮ್ಮ ಹಾಳೆಯಲ್ಲಿ ಅದು ಬಂದುಬಿಟ್ಟಿತ್ತು. ಕಾರ್ಯಕ್ರಮದ ಹಿಂದಿನ ಸಂಜೆ ಅವರು ನೋಡಿ ಸುಮ್ಮನೆ ನಿಂತರು. ಅಲ್ಲೇ ತೆಗೆದು ಬೇರೆ ಬರೆದೆವು. ಆ ತಪ್ಪು ನನ್ನದು. ಈ ಕೆಲಸಕ್ಕೆ ಕೈ ಹಾಕುವ ಯಾರೂ ಓದಿ ಕೇಳಿಸುವುದನ್ನು ಬಿಡಬೇಡಿ.

ದಿನ ಗೊತ್ತುಮಾಡಿದ್ದೂ ರಿಜಿಸ್ಟರೇ. ಹಳೆಯ ಪುಟಗಳಲ್ಲಿ ಹೆಚ್ಚಿನವರ ಜನ್ಮದಿನ ಜೂನ್ 1. ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳಿಗೆ ಮಾಸ್ತರರು ಶಾಲೆ ಶುರುವಾಗುವ ಹೊತ್ತಿನ ತಾರೀಖನ್ನೇ ಹಾಕುತ್ತಿದ್ದರು. ಹಾಗಾದರೆ ಎಲ್ಲರ ಹುಟ್ಟುಹಬ್ಬವನ್ನೂ ಅವತ್ತೇ ಮಾಡೋಣ ಎಂದರು ಮಕ್ಕಳು. ರೋಹಿಣಿ ಮಳೆ ಬಿದ್ದಿತ್ತು. ಹೆಸರುಕಾಳು ಬಿತ್ತುವವರು ಬೆಳಿಗ್ಗೆ ಬಿತ್ತನೆ ಮುಗಿಸಿ ಕೆಸರುಗಾಲಲ್ಲೇ ಬಂದರು.

ಭಾಷಣ ಇಡಲಿಲ್ಲ. ಹತ್ತನೇ ತರಗತಿಯ ಹುಡುಗಿ ನಂಬರ್ ಪ್ರಕಾರ ಹಾಜರಿ ಕರೆದಳು. "ಹಾಜರ್ ರೀ" ಎನ್ನುತ್ತ ಒಬ್ಬೊಬ್ಬರೇ ಎದ್ದು ನಿಂತರು. ತೀರಿಕೊಂಡವರ ನಂಬರಿಗೆ ಮಗಳೋ ಮೊಮ್ಮಗನೋ ನಿಂತರು. ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಹಾಜರಿ ಹೇಳಿದ ಮೇಲೂ ಕೂಡಲಿಲ್ಲ, ತಮ್ಮ ಬ್ಯಾಚು ಮುಗಿಯುವವರೆಗೆ ನಿಂತೇ ಇದ್ದರು.

ಸಿಗದವರ ಹಾಳೆಗಳನ್ನೂ ನಂಬರ್, ಹೆಸರು ಬರೆದು ಖಾಲಿಯಾಗಿಯೇ ಅಂಟಿಸಿ, ಪಕ್ಕದಲ್ಲಿ ದಾರ ಕಟ್ಟಿ ಪೆನ್ನು ತೂಗಿಬಿಟ್ಟಿದ್ದೆವು. ಸಂಜೆ ಗೋಡೆಯ ಹಾಳೆಗಳನ್ನು ಬಿಚ್ಚುವಾಗ ನೋಡಿದರೆ ಒಂದು ಹಾಳೆಯ ಮೇಲೆ ಯಾರೋ ಬರೆದಿದ್ದರು: "ಈಕಿ ನಮ್ಮ ಸೋದರತ್ತಿ. ಗಂಗಾವತಿ ಕಡೆ ಕ್ಯಾಂಪಿನ್ಯಾಗ ಅದಾಳ." ಕೆಳಗೆ ಫೋನ್ ನಂಬರ್ ಇತ್ತು. ಅಲ್ಲಿಂದಲೇ ಫೋನ್ ಹಚ್ಚಿದೆವು. ಬರುವ ಪಂಚಮಿಗೆ ಊರಿಗೆ ಬರುತ್ತಾರಂತೆ.